ಸೂಜಿ ತಾನಾಗಿ ತಿರುಗುವುದಿಲ್ಲ

ಹೋದ ವಾರ ಸೊಗಸಾಗಿ ಹಾರಿ ಇಳಿದ ಮಾದರಿ ವಿಮಾನ ಈ ವಾರ ನೆಲದ ಮೇಲೆಯೇ ಮುನಿಸಿಕೊಂಡು ಕೂರುತ್ತದೆ. ಥ್ರಾಟಲ್ ಏರಿಸಿದರೆ ಕೆಮ್ಮುತ್ತದೆ, ಇಳಿಸಿದರೆ ಆರಿಹೋಗುತ್ತದೆ. ಪೆಟ್ರೋಲ್ ಎಂಜಿನ್ ಹಾರಿಸುವವರಿಗೆಲ್ಲ ಪರಿಚಯವಿರುವ ಗಳಿಗೆ ಇದು. ಆಗ ಹೆಚ್ಚಿನವರ ಕೈ ಮೊದಲು ಹೋಗುವುದು ಸಣ್ಣ ಸ್ಕ್ರೂಡ್ರೈವರಿಗೆ. ಕಾರ್ಬ್ಯುರೇಟರಿನ ಪಕ್ಕದಲ್ಲಿ ಎರಡು ಸೂಜಿ ಸ್ಕ್ರೂಗಳಿರುತ್ತವೆ: ಕಡಿಮೆ ವೇಗದ್ದಕ್ಕೆ ಎಲ್, ಹೆಚ್ಚು ವೇಗದ್ದಕ್ಕೆ ಎಚ್ ಎಂಬ ಗುರುತು. ಅದನ್ನಷ್ಟು ಬಿಚ್ಚಿ, ಇದನ್ನಷ್ಟು ಬಿಗಿದು, ಅರ್ಧ ಗಂಟೆಯಲ್ಲಿ ಎಂಜಿನ್ನು ಮೊದಲಿಗಿಂತ ಕೆಟ್ಟ ಸ್ಥಿತಿಗೆ ಬಂದಿರುತ್ತದೆ. ಈ ವಾರ ನಾನು ಹೇಳಬೇಕೆಂದಿರುವುದು ಒಂದೇ ಮಾತು. ಚೆನ್ನಾಗಿ ಓಡುತ್ತಿದ್ದ ಪೆಟ್ರೋಲ್ ಎಂಜಿನ್ ಕೆಟ್ಟರೆ ಸೂಜಿಯನ್ನು ಎಲ್ಲಕ್ಕಿಂತ ಕೊನೆಗೆ ಮುಟ್ಟಬೇಕು. ಸೂಜಿ ತಾನಾಗಿ ತಿರುಗುವುದಿಲ್ಲ, ಅದರ ಕೆಳಗಿನ ಬಿಗಿ ಸ್ಪ್ರಿಂಗ್ ಇರುವುದೇ ಅದಕ್ಕಾಗಿ. ಹೋದ ವಾರಕ್ಕೂ ಈ ವಾರಕ್ಕೂ ನಡುವೆ ಬೇರೇನೋ ಬದಲಾಗಿದೆ. ಅದನ್ನು ಹುಡುಕದೆ ಸೂಜಿ ತಿರುಗಿಸುವುದೆಂದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಈ ಅಭ್ಯಾಸಕ್ಕೆ ಒಂದು ಚರಿತ್ರೆಯಿದೆ. ಮಾದರಿ ವಿಮಾನದ ಎಂಜಿನ್ನುಗಳು ಆರಂಭದಲ್ಲಿ ಪೆಟ್ರೋಲಿನವೇ ಆಗಿದ್ದವು. 1930ರ ದಶಕದಲ್ಲಿ ಅಮೆರಿಕದಲ್ಲಿ ಹೆಸರು ಮಾಡಿದ ಬ್ರೌನ್ ಜೂನಿಯರ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್, ಕಾಯಿಲ್, ಬ್ಯಾಟರಿ ಎಲ್ಲವೂ ಬೇಕಿತ್ತು. 1947ರಲ್ಲಿ ರೇ ಆರ್ಡನ್ ಗ್ಲೋ ಪ್ಲಗ್ಗನ್ನು ಮಾರುಕಟ್ಟೆಗೆ ತಂದ ಮೇಲೆ ಆ ಹೊರೆಯೆಲ್ಲ ಇಳಿಯಿತು. ಪ್ಲಾಟಿನಂ ತಂತಿಯೂ ಮೆಥನಾಲೂ ಸೇರಿ ಕಿಡಿಯ ಕೆಲಸ ಮಾಡತೊಡಗಿದವು, ಮುಂದಿನ ತಲೆಮಾರುಗಳು ಗ್ಲೋ ಎಂಜಿನ್ನಿನಲ್ಲೇ ಕೈ ಪಳಗಿಸಿಕೊಂಡವು. ಗ್ಲೋ ಎಂಜಿನ್ನಿನಲ್ಲಿ ಸೂಜಿ ತಿರುಗಿಸುವುದು ನಿತ್ಯಕರ್ಮ. ಸಾಮಾನ್ಯವಾಗಿ ಅದಕ್ಕೆ ಇಂಧನದ ಪಂಪ್ ಇರುವುದಿಲ್ಲ. ಟ್ಯಾಂಕಿನ ಮಟ್ಟ, ಸೈಲೆನ್ಸರಿನ ಒತ್ತಡ, ಬೆಳಗಿನ ತಂಪು ಎಲ್ಲವೂ ಅದರ ಮಿಶ್ರಣವನ್ನು ಅಲುಗಿಸುತ್ತವೆ. ಮೇಲಾಗಿ ಮೆಥನಾಲ್ ತಪ್ಪನ್ನು ಕ್ಷಮಿಸುವ ಇಂಧನ. ಆವಿಯಾಗುವಾಗ ಅದು ಪೆಟ್ರೋಲಿಗಿಂತ ಸುಮಾರು ಮೂರು ಪಟ್ಟು ಶಾಖವನ್ನು ಹೀರಿ ಎಂಜಿನ್ನನ್ನು ಒಳಗಿನಿಂದ ತಣಿಸುತ್ತದೆ. ಒಂದು ಪಾಲು ಮೆಥನಾಲ್ ಪೂರ್ತಿ ಉರಿಯಲು ಆರೂವರೆ ಪಾಲು ಗಾಳಿ ಸಾಕು, ಪೆಟ್ರೋಲಿಗೆ ಹದಿನಾಲ್ಕೂವರೆಗಿಂತ ಹೆಚ್ಚು ಪಾಲು ಬೇಕು. ಹೀಗಾಗಿ ಪೆಟ್ರೋಲ್ ಎಂಜಿನ್ನಿಗೆ ಸಾಗುವ ಇಂಧನ ತೀರ ಕಡಿಮೆ, ಅದರ ಸೂಜಿಯ ಲೆಕ್ಕ ಬಹಳ ಸೂಕ್ಷ್ಮ. ಗ್ಲೋ ಎಂಜಿನ್ನಿನಲ್ಲಿ ಕಾಲು ಸುತ್ತಿಗೆ ಪಳಗಿದ ಕೈ ಇಲ್ಲಿ ಅರೆಕಾಲು ಸುತ್ತಿಗೆ, ಕೆಲವೊಮ್ಮೆ ವೀಸದಷ್ಟಕ್ಕೆ ಪಳಗಬೇಕು.

ಪೆಟ್ರೋಲ್ ಎಂಜಿನ್ನಿನ ಕಾರ್ಬ್ಯುರೇಟರ್ ಬಂದದ್ದು ಬೇರೆ ಮನೆತನದಿಂದ. ಮೈಸೂರಿನಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ದಿ ಬೈಕುಗಳನ್ನು ನೆನೆಯಿರಿ. ಅವುಗಳ ಕಾರ್ಬ್ಯುರೇಟರಿನಲ್ಲಿ ಒಂದು ಪುಟ್ಟ ಬಟ್ಟಲು, ಅದರಲ್ಲಿ ತೇಲುವ ಫ್ಲೋಟ್. ಬೈಕು ನೆಟ್ಟಗಿರುವವರೆಗೆ ಆ ಏರ್ಪಾಡು ಚೆನ್ನ. ಲಾಗ ಹಾಕುವ, ತಲೆಕೆಳಗಾಗಿ ಹಾರುವ ವಿಮಾನದಲ್ಲಿ ಫ್ಲೋಟ್ ನಡೆಯುವುದಿಲ್ಲ. ಹಾಗಾಗಿ ಡಿಎಲ್‌ಇ 55, ಜೆನೋವಾ ಜಿ 62ರಂಥ ಎಂಜಿನ್ನುಗಳ ಮೇಲೆ ಕೂತಿರುವುದು ವಾಲ್ಬ್ರೋ ಮಾದರಿಯ ಡಯಾಫ್ರಾಮ್ ಕಾರ್ಬ್ಯುರೇಟರ್. ಮಲೆನಾಡಿನ ತೋಟಗಳಲ್ಲಿ ಮರ ಕೊಯ್ಯುವ, ಕಳೆ ಕೊಚ್ಚುವ ಯಂತ್ರಗಳಲ್ಲಿರುವುದೂ ಇದೇ ಜಾತಿ. ಬೆಂಕಿಪೆಟ್ಟಿಗೆಗಿಂತ ಅಷ್ಟೇನೂ ದೊಡ್ಡದಲ್ಲದ ಈ ಲೋಹದ ತುಂಡನ್ನು ಬಿಚ್ಚಿ ನೋಡಿದವರಿಗೆ ಅರ್ಧ ರೋಗಗಳು ತಾವಾಗಿ ಅರ್ಥವಾಗುತ್ತವೆ. ಒಂದು ಮಗ್ಗುಲಲ್ಲಿ ಒಂದೇ ಸ್ಕ್ರೂವಿನ ಮುಚ್ಚಳ. ಅದರಡಿ ತೆಳು ಹಾಳೆಯ ಪಂಪ್, ಅದರ ಕೆಳಗೆ ಉಗುರಿಗಿಂತ ಚಿಕ್ಕ ಜಾಲರಿ. ಪಿಸ್ಟನ್ ಮೇಲೆ ಕೆಳಗೆ ಆಡುವಾಗ ಕ್ರ್ಯಾಂಕ್‌ಕೇಸಿನಲ್ಲಿ ಏಳುವ ಒತ್ತಡದ ಮಿಡಿತವೇ ಈ ಹಾಳೆಯನ್ನು ಬಡಿದು ಪೆಟ್ರೋಲನ್ನು ಟ್ಯಾಂಕಿನಿಂದ ಎಳೆಯುತ್ತದೆ. ಇನ್ನೊಂದು ಮಗ್ಗುಲಲ್ಲಿ ನಾಲ್ಕು ಸ್ಕ್ರೂವಿನ ಮುಚ್ಚಳ, ಅದರ ನಡುವೆ ಒಂದು ಸಣ್ಣ ತೂತು. ಒಳಗಿನ ಡಯಾಫ್ರಾಮ್ ಹೊರಗಾಳಿಯ ಒತ್ತಡವನ್ನು ಆ ತೂತಿನ ಮೂಲಕ ಗ್ರಹಿಸಿ, ಒಂದು ಪುಟ್ಟ ಸನ್ನೆಯನ್ನು ಒತ್ತಿ, ಬೇಕಾದಷ್ಟೇ ಪೆಟ್ರೋಲನ್ನು ಒಳಗೆ ಬಿಡುತ್ತದೆ. ಎಲ್, ಎಚ್ ಸೂಜಿಗಳ ಸರದಿ ಬರುವುದು ಇಷ್ಟೆಲ್ಲ ಆದ ಮೇಲೆ. ಮೇಲಿನ ಕಾಲುವೆಯಲ್ಲಿ ಕಸ ಕಟ್ಟಿಕೊಂಡಿದ್ದರೆ ಗದ್ದೆಯ ಮಡೆಯನ್ನು ಎಷ್ಟು ತೆರೆದರೂ ನೀರು ಬರುವುದಿಲ್ಲ.

ಹಾಗಾದರೆ ಎಲ್ಲಿಂದ ಹುಡುಕಬೇಕು? ಎಂಜಿನ್ ನಿಂತ ಬಗೆಯೇ ಮೊದಲ ಸಾಕ್ಷಿ. ಸ್ವಿಚ್ಚು ಆರಿಸಿದಂತೆ ಥಟ್ಟನೆ ನಿಂತರೆ ಸಂಶಯ ಕಿಡಿಯ ಮೇಲೆ ಬರಬೇಕು: ಇಗ್ನಿಷನ್ನಿನ ಬ್ಯಾಟರಿ, ಅದರ ಸ್ವಿಚ್ಚು, ಕನೆಕ್ಟರ್, ಪ್ಲಗ್ಗಿನ ಟೋಪಿ, ಪ್ರೊಪೆಲ್ಲರಿನ ಹಿಂದಿನ ಆಯಸ್ಕಾಂತವನ್ನು ಗುರುತಿಸುವ ಸೆನ್ಸರ್. ಸೆನ್ಸರಿನ ಸ್ಕ್ರೂ ಸಡಿಲವಾದರೆ ಕಿಡಿಯ ಹೊತ್ತು ತಪ್ಪುತ್ತದೆ. ಅದರ ಸದ್ದು ಮಿಶ್ರಣ ತಪ್ಪಿದ ಸದ್ದಿನಂತೆಯೇ ಇರುವುದರಿಂದ ಮೋಸ ಹೋಗುವುದು ಸುಲಭ. ಏದುಸಿರು ಬಿಡುತ್ತ ನಿಧಾನವಾಗಿ ಕುಗ್ಗಿ ನಿಂತರೆ ಪೆಟ್ರೋಲ್ ಬರುವ ದಾರಿಯನ್ನು ನೋಡಿ. ಪೈಪಿನಲ್ಲಿ ಗುಳ್ಳೆಗಳು ಓಡುತ್ತಿವೆಯೇ? ಟ್ಯಾಂಕಿನೊಳಗೆ ತೂಕದ ಗುಂಡಿನೊಂದಿಗೆ ಓಲಾಡುವ ಪೈಪು ಕಣ್ಣಿಗೆ ಬೀಳದ ಜಾಗದಲ್ಲಿ ಗಟ್ಟಿಯಾಗಿ ಸೀಳುತ್ತದೆ. ಗ್ಲೋ ಕಾಲದ ಸಿಲಿಕೋನ್ ಪೈಪನ್ನೇ ಹಾಕಿದ್ದರಂತೂ ಪೆಟ್ರೋಲಿಗೆ ಅದು ಉಬ್ಬಿ ಹಾಳಾಗುತ್ತದೆ. ಟ್ಯಾಂಕಿಗೆ ಗಾಳಿ ಹೋಗುವ ದಾರಿ ಮುಚ್ಚಿದೆಯೇ? ಜಾಲರಿಯಲ್ಲಿ ಕಸ ಸಿಕ್ಕಿದೆಯೇ? ತಿಂಗಳುಗಟ್ಟಲೆ ಮೂಲೆಯಲ್ಲಿದ್ದ ಎಂಜಿನ್ನಿನ ಡಯಾಫ್ರಾಮ್ ಹಪ್ಪಳದಂತೆ ಬಿರುಸಾಗಿದೆಯೇ? ಮೆತ್ತಗಿರಬೇಕಾದ ಹಾಳೆ ಬೆರಳಿಗೆ ಚರಚರ ಅಂದರೆ ಅಲ್ಲೇ ಉತ್ತರ ಸಿಕ್ಕಿತು, ಹೊಸ ಕಿಟ್ ಹಾಕಿ. ಕೊನೆಗೆ ಪ್ಲಗ್ ಬಿಚ್ಚಿ ಬಣ್ಣ ನೋಡಿ. ಕಾಫಿ ಕಂದಾದರೆ ಕ್ಷೇಮ, ಬಿಳಿಚಿಕೊಂಡಿದ್ದರೆ ಪೆಟ್ರೋಲ್ ಸಾಲದು, ಮಸಿ ಹಿಡಿದು ಒದ್ದೆಯಾಗಿದ್ದರೆ ಹೆಚ್ಚಾಗಿದೆ ಅಥವಾ ಕಿಡಿ ಸೋತಿದೆ.

ಇಲ್ಲೊಂದು ಆಕ್ಷೇಪ ಬರುತ್ತದೆ, ಹಗುರವಾದದ್ದಲ್ಲ: "ಸೂಜಿ ತಿರುಗಿಸಿದೆ, ಎಂಜಿನ್ ಸರಿಹೋಯಿತು. ಇನ್ನೇನು ಬೇಕು?" ಸರಿಹೋದಂತೆ ಕಾಣುವುದು ನಿಜ, ಅಪಾಯವಿರುವುದೂ ಅಲ್ಲೇ. ಕಾರ್ಬ್ಯುರೇಟರಿಗೂ ಎಂಜಿನ್ನಿಗೂ ನಡುವಿನ ಗ್ಯಾಸ್ಕೆಟ್ಟಿನಲ್ಲಿ ಕೂದಲೆಳೆಯ ಬಿರುಕಿದೆ ಎಂದುಕೊಳ್ಳಿ. ಅಲ್ಲಿ ಕಳ್ಳಗಾಳಿ ನುಗ್ಗಿ ಮಿಶ್ರಣ ಲೀನ್ ಆಗುತ್ತದೆ, ಅಂದರೆ ಗಾಳಿಯ ಲೆಕ್ಕಕ್ಕೆ ಪೆಟ್ರೋಲ್ ಸಾಲದಾಗುತ್ತದೆ. ಥ್ರಾಟಲ್ ಇಳಿಸಿದರೂ ವೇಗ ತಕ್ಷಣ ಇಳಿಯದೆ ಮೇಲೆಯೇ ತೂಗಾಡುವುದು ಅದರ ಲಕ್ಷಣ. ಎಲ್ ಸೂಜಿಯನ್ನು ಬಿಚ್ಚಿ ಪೆಟ್ರೋಲ್ ಹೆಚ್ಚಿಸಿದರೆ ಐಡಲ್ ಒಂದು ಹದಕ್ಕೆ ಬರುತ್ತದೆ. ಆದರೆ ಬಿರುಕಿನಿಂದ ನುಗ್ಗುವ ಗಾಳಿ ಎಲ್ಲ ವೇಗದಲ್ಲೂ ಒಂದೇ ಪ್ರಮಾಣದಲ್ಲಿರುವುದಿಲ್ಲ, ಎಂಜಿನ್ ಕಾದು ಲೋಹ ಹಿಗ್ಗಿದಾಗ ಬಿರುಕೂ ಬದಲಾಗುತ್ತದೆ. ನೆಲದ ಮೇಲೆ ಮುಚ್ಚಿಟ್ಟ ರೋಗ ಆಕಾಶದಲ್ಲಿ ಹೊರಬೀಳುತ್ತದೆ. ಟೂ ಸ್ಟ್ರೋಕ್ ಎಂಜಿನ್ನಿಗೆ ಆಯಿಲ್ ಹೋಗುವುದು ಪೆಟ್ರೋಲಿನ ಜೊತೆಗೇ. ಪೆಟ್ರೋಲ್ ಕಡಿಮೆಯಾದರೆ ಜಾರಿಕೆಯೂ ಕಡಿಮೆ, ತಂಪೂ ಕಡಿಮೆ, ಪಿಸ್ಟನ್ ಹಿಡಿದುಕೊಳ್ಳುವುದು ಹೀಗೆಯೇ. ಸೂಜಿ ತಪ್ಪನ್ನು ತಿದ್ದಲಿಲ್ಲ, ಅದರ ಮೇಲೆ ಚಾಪೆ ಹಾಸಿತು.

ಇದಕ್ಕಿಂತ ನವಿರಾದ ಸಾಕ್ಷಿ ಮೂತಿಯ ಹೊದಿಕೆಯಲ್ಲಿದೆ. ನೆಲದ ಮೇಲೆ ಪೂರ್ತಿ ಥ್ರಾಟಲ್ಲಿಗೂ ಚೆನ್ನಾಗಿ ಹಾಡುವ ಎಂಜಿನ್ ಹಾರಿದೊಡನೆ ಸೊರಗುತ್ತದೆ ಅಥವಾ ಉಬ್ಬಸ ಪಡುತ್ತದೆ. ಇಳಿಸಿ ಪರೀಕ್ಷಿಸಿದರೆ ಮತ್ತೆ ಸರಿಯಾಗಿಯೇ ಇರುತ್ತದೆ. ಆ ನಾಲ್ಕು ಸ್ಕ್ರೂವಿನ ಮುಚ್ಚಳದ ಸಣ್ಣ ತೂತನ್ನು ನೆನಪಿಸಿಕೊಳ್ಳಿ. ವಿಮಾನ ವೇಗ ಹಿಡಿದಾಗ ಹೊದಿಕೆಯೊಳಗಿನ ಗಾಳಿಯ ಒತ್ತಡ ಬದಲಾಗುತ್ತದೆ, ಡಯಾಫ್ರಾಮ್ ಅದನ್ನೇ ಹೊರಗಿನ ವಾತಾವರಣವೆಂದು ನಂಬಿ ಪೆಟ್ರೋಲಿನ ಲೆಕ್ಕ ತಪ್ಪಿಸುತ್ತದೆ. ಪರಿಹಾರ ಸೂಜಿಯಲ್ಲಿಲ್ಲ. ಮುಚ್ಚಳದ ತೂತಿಗೆ ಸಣ್ಣ ಹಿತ್ತಾಳೆ ನಳಿಗೆಯನ್ನು ಬೆಸುಗೆ ಹಾಕಿ, ಅದಕ್ಕೆ ಪೈಪು ಜೋಡಿಸಿ, ಇನ್ನೊಂದು ತುದಿಯನ್ನು ವಿಮಾನದ ಒಡಲೊಳಗೆ, ಗಾಳಿ ಅಲುಗದ ಜಾಗದಲ್ಲಿ ಬಿಟ್ಟರಾಯಿತು. ಕೆಲವು ನಿಮಿಷ ಹಾರಿದ ಮೇಲಷ್ಟೇ ಶಕ್ತಿ ಕುಗ್ಗುವುದಾದರೆ ದೋಷ ತಂಪಿನದು. ಹೊದಿಕೆಯೊಳಗೆ ಬಂದ ಗಾಳಿ ಸಿಲಿಂಡರಿನ ರೆಕ್ಕೆಗಳ ನಡುವೆಯೇ ಹಾದುಹೋಗುವಂತೆ ತಡಿಕೆ ಕಟ್ಟಬೇಕು. ಹೊರಹೋಗುವ ಬಾಯಿ ಒಳಬರುವ ಬಾಯಿಗಿಂತ ಎರಡು ಮೂರು ಪಟ್ಟು ದೊಡ್ಡದಿರಬೇಕು. ಮೆಥನಾಲಿನ ಒಳತಂಪು ಪೆಟ್ರೋಲಿಗಿಲ್ಲದ ಕಾರಣ ಇಲ್ಲಿ ತಡಿಕೆಯೂ ಎಂಜಿನ್ನಿನ ಒಂದು ಅಂಗವೇ.

ಹವೆ ಬದಲಾದಾಗ, ಇಂಧನ ಬದಲಾದಾಗ ಸೂಜಿ ಮುಟ್ಟಲೇಬೇಕಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದು. ಹೌದು, ಮುಟ್ಟಬೇಕು. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನ ಗಾಳಿ ತೆಳು. ಅಲ್ಲಿ ಹದ ಮಾಡಿದ ಎಂಜಿನ್ ಮಂಗಳೂರಿನ ಕಡಲತೀರದ ದಟ್ಟ ಗಾಳಿಯಲ್ಲಿ ತುಸು ಹೆಚ್ಚು ಪೆಟ್ರೋಲ್ ಕೇಳುತ್ತದೆ. ಬಂಕುಗಳಲ್ಲಿ ಈಗ ಸಿಗುವ ಪೆಟ್ರೋಲಿನ ಕಥೆಯೂ ಹಾಗೆಯೇ. ಶೇ 20ರಷ್ಟು ಎಥನಾಲ್ ಬೆರೆತ ಇ20 ಬಿಡುಗಡೆಯಾದದ್ದು 2023ರ ಫೆಬ್ರುವರಿಯಲ್ಲಿ, ಬೆಂಗಳೂರಿನಲ್ಲೇ. ಎಥನಾಲ್ ತನ್ನೊಳಗೇ ಆಮ್ಲಜನಕವನ್ನು ಹೊತ್ತು ತರುವುದರಿಂದ ಹಳೆಯ ಪೆಟ್ರೋಲಿಗೆ ಕೂರಿಸಿದ ಸೂಜಿ ಇ20ಗೆ ಲೀನ್ ಆಗುತ್ತದೆ. ಆದರೆ ಈ ಉದಾಹರಣೆಗಳೂ ನನ್ನ ವಾದವನ್ನೇ ಎತ್ತಿ ಹಿಡಿಯುತ್ತವೆ. ಎರಡರಲ್ಲೂ ಏನು ಬದಲಾಯಿತೆಂದು ಮೊದಲು ತಿಳಿಯಿತು, ಆಮೇಲೆ ಸೂಜಿ ತಿರುಗಿತು. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ ಎಂಬುದನ್ನೂ ಮರೆಯಬಾರದು. ನೀರು ಮಿತಿ ಮೀರಿದಾಗ ಎಥನಾಲೂ ನೀರೂ ಪೆಟ್ರೋಲಿನಿಂದ ಬೇರ್ಪಟ್ಟು ತಳ ಸೇರುತ್ತವೆ. ಟ್ಯಾಂಕಿನ ಗುಂಡು ಹೀರುವುದು ಆ ತಳದಿಂದಲೇ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಕ್ಯಾನಿನಲ್ಲಿ ನಿಂತ ಪೆಟ್ರೋಲಿಗೆ ಯಾವ ಸೂಜಿಯೂ ಮದ್ದಲ್ಲ. ಹೊಸದಾಗಿ ತನ್ನಿ, ಲೀಟರಿಗೆ 25 ಮಿ.ಲೀ. ಆಯಿಲ್ ಅಂದರೆ 40:1, ಅಥವಾ ತಯಾರಕರು ಹೇಳಿದ ಪ್ರಮಾಣವನ್ನು ಅಳೆದು ಹಾಕಿ. ಕಣ್ಣಂದಾಜು ಬೇಡ. ಆಯಿಲ್ ಹೆಚ್ಚು ಸುರಿದರೆ ಅಷ್ಟು ಪೆಟ್ರೋಲ್ ಕಡಿಮೆಯಾಗಿ ಮಿಶ್ರಣ ಲೀನ್ ಕಡೆಗೇ ಸರಿಯುತ್ತದೆ.

ಹೊಸ ಎಂಜಿನ್ನಿಗೆ ಸೂಜಿ ಹದ ಮಾಡುವ ಕೆಲಸವಂತೂ ತಪ್ಪದು. ಅಲ್ಲೂ ಒಂದು ಕ್ರಮವಿದೆ. ಮೊದಲು ಎಲ್ ಸೂಜಿ, ಐಡಲ್ ಸ್ಥಿರವಾಗುವವರೆಗೆ. ಥ್ರಾಟಲ್ ದಿಢೀರನೆ ತೆರೆದಾಗ ಎಂಜಿನ್ ತಡವರಿಸಿ ಆರಿದರೆ ಪೆಟ್ರೋಲ್ ಸಾಲದು, ಗೊಳಗೊಳ ಸದ್ದಿನೊಂದಿಗೆ ನಿಧಾನವಾಗಿ ಏರಿದರೆ ಹೆಚ್ಚಾಗಿದೆ. ಆಮೇಲೆ ಎಚ್ ಸೂಜಿ. ಗರಿಷ್ಠ ವೇಗ ಕಂಡುಕೊಂಡು, ಅಲ್ಲಿಂದ ಇನ್ನೂರು ಮುನ್ನೂರು ಸುತ್ತು ಇಳಿಯುವಷ್ಟು ಪೆಟ್ರೋಲ್ ಹೆಚ್ಚಿಸಿ ಬಿಡಬೇಕು. ಎಲ್ ಸೂಜಿಯ ಪೆಟ್ರೋಲ್ ಪೂರ್ತಿ ವೇಗದಲ್ಲೂ ಹರಿಯುತ್ತಿರುತ್ತದೆ, ಆದ್ದರಿಂದ ಈ ಸರದಿಯನ್ನು ಹಿಂದುಮುಂದು ಮಾಡಬಾರದು. ಹದ ಬಂದ ದಿನ ಎಂಜಿನ್ ಆರಿಸಿ, ಎರಡೂ ಸೂಜಿಗಳನ್ನು ಮೆಲ್ಲಗೆ ಒಳಕ್ಕೆ ಮುಚ್ಚುತ್ತ ಸುತ್ತು ಎಣಿಸಿ, ಒಂದೂಕಾಲೋ ಒಂದೂವರೆಯೋ ಬರೆದಿಟ್ಟು, ಮತ್ತೆ ಅಷ್ಟೇ ತೆರೆಯಿರಿ. ಎಂಜಿನ್ನಿನ ನಡುಕಕ್ಕೆ ಸೂಜಿ ಜರುಗಿರಬಹುದಲ್ಲ ಎಂದು ಮುಂದೊಂದು ದಿನ ಯಾರಾದರೂ ಕೇಳಿದರೆ ಆ ಚೀಟಿಯೇ ಉತ್ತರ. ಎಣಿಕೆ ತಾಳೆಯಾದರೆ ಸೂಜಿ ನಿರಪರಾಧಿ.

ಮೈದಾನದಲ್ಲಿ ನಿಂತು ಇಷ್ಟೆಲ್ಲ ಬಿಚ್ಚಲು ಹೊತ್ತೆಲ್ಲಿದೆ ಎನ್ನುವವರುಂಟು. ಬ್ಯಾಟರಿಯ ವೋಲ್ಟೇಜ್, ಪ್ಲಗ್ಗಿನ ಬಣ್ಣ, ಪೈಪಿನ ಗುಳ್ಳೆ, ಕಾರ್ಬ್ಯುರೇಟರಿನ ಸ್ಕ್ರೂಗಳ ಬಿಗಿ, ಜಾಲರಿ ನೋಡಲು ಹೆಚ್ಚು ಹೊತ್ತು ಬೇಡ, ಅಷ್ಟನ್ನೂ ಎಂಜಿನ್ ಆರಿಸಿಯೇ ನೋಡಬಹುದು. ಸೂಜಿಯ ಹದವನ್ನಾದರೋ ಓಡುವ ಎಂಜಿನ್ನಿನ ಪಕ್ಕದಲ್ಲೇ ನೋಡಬೇಕು. 22 ಇಂಚಿನ ಪ್ರೊಪೆಲ್ಲರ್ ನಿಮಿಷಕ್ಕೆ 6,500 ಸುತ್ತು ತಿರುಗುವಾಗ ಅದರ ತುದಿ ಗಂಟೆಗೆ ಸುಮಾರು 680 ಕಿ.ಮೀ. ವೇಗದಲ್ಲಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಸ್ಕ್ರೂಡ್ರೈವರ್ ಹಿಡಿದ ಬೆರಳು ಅದರಿಂದ ಎಷ್ಟು ದೂರ ಎಂದು ಒಮ್ಮೆ ಅಳೆದು ನೋಡಿ. ಹದ ಮಾಡಲೇಬೇಕಾದ ದಿನ ವಿಮಾನವನ್ನು ಕಟ್ಟಿಹಾಕಿ, ಒಬ್ಬರು ಹಿಡಿದುಕೊಂಡಿರಲಿ, ನೀವು ಪ್ರೊಪೆಲ್ಲರಿನ ಹಿಂದೆ ಇರಿ. ಉಳಿದ ದಿನ ಇಗ್ನಿಷನ್ ಆರಿಸಿ ಕಾರಣ ಹುಡುಕಿ. ಆಗ ಎಂಜಿನ್ನೂ ಉಳಿಯುತ್ತದೆ, ಬೆರಳೂ ಉಳಿಯುತ್ತದೆ.