ಕೊನೆಯ ಸುತ್ತೂ ಮೊದಲ ಸುತ್ತಿನಂತೆ

ಓಡುವ ಅಭ್ಯಾಸ ಬೆಳೆಸಿಕೊಳ್ಳಲು ಊರಿನ ಯಾವ ರಸ್ತೆಯಾದರೂ ಸಾಕು. ಆದರೆ ನಮ್ಮ ವೇಗ ಎಷ್ಟು, ಆ ವೇಗವನ್ನು ಎಷ್ಟು ಹೊತ್ತು ಹಿಡಿದಿಟ್ಟುಕೊಳ್ಳಬಲ್ಲೆವು ಎಂದು ತಿಳಿಯಬೇಕಾದರೆ ಟ್ರ್ಯಾಕಿಗೆ ಇಳಿಯಬೇಕು. ರಸ್ತೆಯಲ್ಲಿ ಏರು ಬರುತ್ತದೆ, ಸಿಗ್ನಲ್ ಬೀಳುತ್ತದೆ, ನಾಯಿ ಅಡ್ಡ ಬರುತ್ತದೆ. ನಿಧಾನವಾದದ್ದಕ್ಕೆ ಒಂದಲ್ಲ ಒಂದು ಕಾರಣ ಸಿಗುತ್ತದೆ. ಟ್ರ್ಯಾಕಿನಲ್ಲಿ ಇರುವುದು 400 ಮೀಟರ್ ಮತ್ತು ಗಡಿಯಾರ, ಎರಡೇ. ವಾರಕ್ಕೊಮ್ಮೆ ಅಲ್ಲಿ ಗುಂಪಿನ ಜೊತೆ ಮಾಡುವ, ಜೋರು ಓಟದ ನಡುನಡುವೆ ಬಿಡುವಿರುವ ಇಂಟರ್ವಲ್ ಅಭ್ಯಾಸದಷ್ಟು ಕಷ್ಟದ, ಅಷ್ಟೇ ತೃಪ್ತಿ ಕೊಡುವ ಓಟ ಇನ್ನೊಂದಿಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ.

ಬೆಂಗಳೂರಿನ ಕಂಠೀರವ ಕ್ರೀಡಾಂಗಣಕ್ಕೆ ಬೆಳಗಿನ ಹೊತ್ತು ಹೋಗಿ ನೋಡಿ. 1997ರ ರಾಷ್ಟ್ರೀಯ ಕ್ರೀಡಾಕೂಟ ಕಂಡ ಅಂಗಳ ಅದು. ಪದಕದ ಕನಸು ಹೊತ್ತ ಹುಡುಗ ಹುಡುಗಿಯರು ಸ್ಪೈಕ್ಸ್ ದಾರ ಬಿಗಿಯುತ್ತಿರುವ ಪಕ್ಕದಲ್ಲೇ ಬ್ಯಾಂಕಿನವರು, ಮೇಷ್ಟ್ರುಗಳು, ಸಾಫ್ಟ್‌ವೇರ್ ಕೆಲಸದವರು, ನಿವೃತ್ತರು ಮೈ ಬಿಸಿ ಮಾಡಿಕೊಳ್ಳುತ್ತಿರುತ್ತಾರೆ. 2008ರಲ್ಲಿ ನಗರದಲ್ಲಿ 10 ಕಿಲೋಮೀಟರಿನ ದೊಡ್ಡ ಓಟ ಶುರುವಾಯಿತು. ಅಲ್ಲಿಂದೀಚೆಗೆ ಹವ್ಯಾಸಿ ಓಟಗಾರರ ಗುಂಪುಗಳು ಬಡಾವಣೆಗೊಂದರಂತೆ ಹುಟ್ಟಿಕೊಂಡವು. ಆ ಗುಂಪುಗಳಲ್ಲಿ ಓಟವನ್ನು ಮನಸ್ಸಿಗೆ ಹಚ್ಚಿಕೊಂಡವರು ಒಂದಲ್ಲ ಒಂದು ದಿನ ಟ್ರ್ಯಾಕಿಗೆ ಬಂದೇ ಬರುತ್ತಾರೆ.

ಟ್ರ್ಯಾಕಿನ ಲೆಕ್ಕ ನಿಖರ. ಒಳ ಅಂಚಿನಿಂದ 30 ಸೆಂಟಿಮೀಟರ್ ಆಚೆಗೆ ಅಳೆದರೆ ಮೊದಲ ಲೇನಿನ ಒಂದು ಸುತ್ತು ಸರಿಯಾಗಿ 400 ಮೀಟರ್. ಒಂದೊಂದು ಲೇನಿನ ಅಗಲ 1.22 ಮೀಟರ್. ಹೀಗಾಗಿ ಎರಡನೇ ಲೇನಿನಲ್ಲಿ ಸುತ್ತು ಹಾಕಿದವರು ಸುಮಾರು 407 ಮೀಟರ್ ಓಡಿರುತ್ತಾರೆ, ಎಂಟನೇ ಲೇನಿನವರು 453 ಮೀಟರ್. ಇದನ್ನು ತಿಳಿದವರು ತಿರುವಿನಲ್ಲಿ ಯಾರನ್ನೂ ದಾಟಲು ಹೋಗುವುದಿಲ್ಲ. ನೇರ ದಾರಿ ಬರುವವರೆಗೆ ಕಾಯುತ್ತಾರೆ. ಕೈಗೆ ಕಟ್ಟಿದ ಜಿಪಿಎಸ್ ವಾಚು ಈ ತಿರುವುಗಳಲ್ಲಿ ದೂರವನ್ನು ಹೆಚ್ಚುಕಡಿಮೆ ತೋರಿಸುವುದುಂಟು. ಇಲ್ಲಿ ನಂಬಬೇಕಾದದ್ದು ನೆಲದ ಮೇಲಿನ ಬಿಳಿ ಗೆರೆಯನ್ನು ಮತ್ತು ಕೋಚ್ ಕೈಯಲ್ಲಿರುವ ಸ್ಟಾಪ್‌ವಾಚನ್ನು.

ನಮ್ಮ ಗುಂಪಿನಲ್ಲಿ ಹೆಚ್ಚಾಗಿ ಮಾಡುವ ಅಭ್ಯಾಸವನ್ನೇ ತೆಗೆದುಕೊಳ್ಳಿ. 800 ಮೀಟರ್, ಅಂದರೆ ಎರಡು ಸುತ್ತು, ಅಂಥವು ಆರು ರಿಪೀಟ್. ನಡುವೆ ಒಂದು ಸುತ್ತು ಮೆಲ್ಲಗೆ ಜಾಗಿಂಗ್. 5 ಕಿಲೋಮೀಟರನ್ನು 25 ನಿಮಿಷದಲ್ಲಿ ಓಡಬಲ್ಲವರಿಗೆ ಒಂದೊಂದು 800ಕ್ಕೆ ನಾಲ್ಕು ನಿಮಿಷ. ಒಂದು ಸುತ್ತಿಗೆ ಎರಡು ನಿಮಿಷ, 200ಕ್ಕೆ ಅರವತ್ತು ಸೆಕೆಂಡ್, 100ಕ್ಕೆ ಮೂವತ್ತು. ಕಾಗದದ ಮೇಲೆ ಇದು ಸರಳ. ಮೊದಲ ಎರಡು ರಿಪೀಟ್‌ಗಳಲ್ಲಿ ಕಾಲಿಗೂ ಸರಳವೇ.

ಆ ಸರಳತೆಯಲ್ಲೇ ಮೋಸವಿದೆ. ಓಟ ಶುರುವಾದ ಕೂಡಲೇ ಸ್ನಾಯುಗಳು ತಮ್ಮಲ್ಲೇ ಕೂಡಿಟ್ಟುಕೊಂಡ ಶಕ್ತಿಯನ್ನು ಖರ್ಚು ಮಾಡುತ್ತವೆ. ಉಸಿರಾಟ, ಹೃದಯದ ಬಡಿತ ಆ ಬೇಡಿಕೆಯ ಮಟ್ಟಕ್ಕೆ ಏರಿ ಬರಲು ಒಂದೆರಡು ನಿಮಿಷ ಬೇಕು. ಅಷ್ಟರವರೆಗೆ ದೇಹ ಸಾಲದಲ್ಲಿ ಓಡುತ್ತಿರುತ್ತದೆ, ಆದರೆ ಓಡುವವರಿಗೆ ಅದು ಗೊತ್ತಾಗುವುದಿಲ್ಲ. ಮೊದಲ 200 ಮೀಟರನ್ನು ಐವತ್ತು ಸೆಕೆಂಡಿನಲ್ಲಿ ಮುಗಿಸಿ ಹಿಗ್ಗಿದವರು ಎರಡನೇ ಸುತ್ತಿನಲ್ಲಿ ಬಡ್ಡಿಸಮೇತ ತೀರಿಸಬೇಕಾಗುತ್ತದೆ. ಟ್ರ್ಯಾಕಿನಲ್ಲಿ ಆರಂಭಶೂರತ್ವಕ್ಕೆ ಬೆಲೆಯಿಲ್ಲ.

ಮೂರನೆಯದರಿಂದ ಕಷ್ಟ ಕಾಣಿಸಿಕೊಳ್ಳುತ್ತದೆ. ನಾಲ್ಕನೆಯದರ ಎರಡನೇ ಸುತ್ತಿನಲ್ಲಿ ತೊಡೆ ಭಾರವಾಗುತ್ತದೆ, ಭುಜ ತಾನಾಗಿ ಕಿವಿಯ ಕಡೆಗೆ ಏರುತ್ತದೆ, ಮುಷ್ಟಿ ಬಿಗಿಯಾಗುತ್ತದೆ. ಗೆರೆಯ ಬಳಿ ನಿಂತ ಕೋಚ್ “ಕೈ ಸಡಿಲ ಬಿಡಿ, ಭುಜ ಇಳಿಸಿ” ಎಂದು ಕೂಗುವುದು ಆಗಲೇ. ಐದನೆಯದು ಎಲ್ಲಕ್ಕಿಂತ ಕಠಿಣ. ಮಾಡಿದ್ದು ಮೈಯಲ್ಲಿ ತುಂಬಿದೆ, ಮುಗಿಯಲು ಇನ್ನೊಂದು ಉಳಿದಿದೆ. ನಿಲ್ಲಿಸಿಬಿಡಬೇಕು ಎನಿಸುವುದು ಕೊನೆಯದರಲ್ಲಲ್ಲ, ಅದರ ಹಿಂದಿನದರಲ್ಲಿ. ಕೊನೆಯದಕ್ಕೆ ಕೊನೆ ಕಾಣುತ್ತದೆ, ಐದನೆಯದಕ್ಕೆ ಕಾಣುವುದಿಲ್ಲ.

ಅಂಥ ಐದನೇ ರಿಪೀಟಿನಲ್ಲಿ, ಆಚೆ ಬದಿಯ ನೇರ ದಾರಿಯಲ್ಲಿ, ನಾನು ಗುಂಪಿನಿಂದ ನಾಲ್ಕು ಹೆಜ್ಜೆ ಹಿಂದೆ ಬಿದ್ದಿದ್ದೆ. ಮುಂದಿದ್ದ ಕಾಲೇಜು ಹುಡುಗಿ ತಿರುಗಿ ನೋಡದೆಯೇ, ಹೆಜ್ಜೆಯ ಸದ್ದು ದೂರವಾದದ್ದನ್ನು ಕೇಳಿಸಿಕೊಂಡು ಹೇಳಿದಳು: “ಅಂಕಲ್, ವಾಚ್ ನೋಡ್ಬೇಡಿ. ನನ್ನ ಹಿಂದೆ ಬನ್ನಿ, ಅರವತ್ತಕ್ಕೆ ನಾನು ಕರ್ಕೊಂಡು ಹೋಗ್ತೀನಿ.” ಆಮೇಲೆ ನಾನು ನೋಡಿದ್ದು ಅವಳ ಬೆನ್ನನ್ನು ಮಾತ್ರ. ಮುಂದಿನ 200 ಮೀಟರಿಗೆ ಹಿಡಿದದ್ದು ಅರವತ್ತೊಂದು ಸೆಕೆಂಡ್. ಒಬ್ಬನೇ ಇದ್ದಿದ್ದರೆ ಆ ಹೊತ್ತಿನಲ್ಲಿ ನನ್ನ ಕಾಲಿನಿಂದ ಅದು ಬರುತ್ತಿರಲಿಲ್ಲ.

ಗುಂಪು ಮಾಡುವ ಕೆಲಸ ಇಷ್ಟೇ, ಆದರೆ ಇದು ಸಣ್ಣದಲ್ಲ. ದಣಿದಾಗ ಮೊದಲು ಕೈಕೊಡುವುದು ತೀರ್ಮಾನ ಮಾಡುವ ಶಕ್ತಿ. ಇನ್ನೂ ಎಷ್ಟು ದೂರ, ಈ ವೇಗ ಸರಿಯೇ, ಸ್ವಲ್ಪ ತಗ್ಗಿಸಲೇ ಎಂದು ಪ್ರತಿ ಹೆಜ್ಜೆಗೂ ಮನಸ್ಸು ಕೇಳುತ್ತಿರುತ್ತದೆ. ಮುಂದೊಬ್ಬರು ವೇಗ ಹಿಡಿದು ಓಡುತ್ತಿದ್ದರೆ ಆ ಪ್ರಶ್ನೆಗಳೆಲ್ಲ ಅವರ ಪಾಲಿಗೆ ಹೋಗುತ್ತವೆ. ಹಿಂದಿನವರಿಗೆ ಉಳಿಯುವುದು ಹಿಂಬಾಲಿಸುವ ಕೆಲಸ ಒಂದೇ. ಆದ್ದರಿಂದಲೇ ಒಳ್ಳೆಯ ಗುಂಪಿನಲ್ಲಿ ಮುಂದಾಳುತನ ಸರದಿಯ ಮೇಲೆ ಬರುತ್ತದೆ. ಒಂದು ರಿಪೀಟಿಗೆ ಒಬ್ಬರು, ಮುಂದಿನದಕ್ಕೆ ಮತ್ತೊಬ್ಬರು.

ಇದಕ್ಕೆ ಇತಿಹಾಸದಲ್ಲಿ ದೊಡ್ಡ ಸಾಕ್ಷಿಯಿದೆ. 1954ರ ಮೇ 6ರಂದು ಆಕ್ಸ್‌ಫರ್ಡಿನ ಇಫ್ಲಿ ರೋಡ್ ಟ್ರ್ಯಾಕಿನಲ್ಲಿ ರೋಜರ್ ಬ್ಯಾನಿಸ್ಟರ್ ಒಂದು ಮೈಲಿಯನ್ನು 3 ನಿಮಿಷ 59.4 ಸೆಕೆಂಡಿನಲ್ಲಿ ಓಡಿದರು. ನಾಲ್ಕು ನಿಮಿಷದ ಗೋಡೆ ಒಡೆದದ್ದು ಅವರೊಬ್ಬರೇ ಎಂದು ನಾವು ನೆನೆಯುತ್ತೇವೆ. ಆದರೆ ಮೊದಲರ್ಧ ಮುಂದೆ ನಿಂತು ವೇಗ ಕಾಯ್ದವರು ಕ್ರಿಸ್ ಬ್ರೇಷರ್, ಆಮೇಲೆ ಆ ಹೊಣೆ ಹೊತ್ತವರು ಕ್ರಿಸ್ ಚಾಟವೇ. ಆ ಚಳಿಗಾಲವಿಡೀ ಮೂವರೂ ಜೊತೆಯಲ್ಲೇ ಅಭ್ಯಾಸ ಮಾಡಿದ್ದರು: 440 ಗಜದ ಸುತ್ತು ಹತ್ತು ಸಲ, ನಡುವೆ ಎರಡು ನಿಮಿಷ ಬಿಡುವು. ವಸಂತದ ಹೊತ್ತಿಗೆ ಅವರ ಸುತ್ತು 61 ಸೆಕೆಂಡಿಗೆ ಬಂದು ನಿಂತುಬಿಟ್ಟಿತು, ಅಲ್ಲಿಂದ ಇಳಿಯಲೊಲ್ಲದು. ಆಗ ಬ್ಯಾನಿಸ್ಟರ್ ಮತ್ತು ಬ್ರೇಷರ್ ಓಟವನ್ನೇ ಬಿಟ್ಟು ಕೆಲವು ದಿನ ಸ್ಕಾಟ್ಲೆಂಡಿನ ಬೆಟ್ಟ ಹತ್ತಲು ಹೋದರು. ಮರಳಿ ಬಂದು ಓಡಿದಾಗ ಸುತ್ತು 59ಕ್ಕೆ ಇಳಿದಿತ್ತು. ಜೊತೆಗಾರರ ಬೆಲೆ, ಬಿಡುವಿನ ಬೆಲೆ ಎರಡನ್ನೂ ಈ ಒಂದು ಕಥೆ ಹೇಳುತ್ತದೆ.

ಬಿಡುವಿನ ಮಾತು ಬಂತು, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಂಟರ್ವಲ್ ಅಭ್ಯಾಸಕ್ಕೆ 1930ರ ದಶಕದಲ್ಲಿ ಶಾಸ್ತ್ರದ ರೂಪ ಕೊಡಲು ಹೊರಟವರು ಜರ್ಮನಿಯ ಕೋಚ್ ವೊಲ್ಡೆಮಾರ್ ಗೆರ್ಶ್ಲರ್. ಅವರಿಗೆ ಜೊತೆಯಾದವರು ಹೃದಯತಜ್ಞ ರೈಂಡೆಲ್. ಓಟದಲ್ಲಿ ನಾಡಿ ನಿಮಿಷಕ್ಕೆ 180ರ ಸುತ್ತ ಏರಬೇಕು, ಬಿಡುವಿನಲ್ಲಿ ಒಂದೂವರೆ ನಿಮಿಷದೊಳಗೆ 120ಕ್ಕೆ ಇಳಿಯಬೇಕು, ಇಳಿಯದಿದ್ದರೆ ಓಟ ಅತಿಯಾಯಿತೆಂದು ಅರ್ಥ ಎಂಬುದು ಅವರ ನಿಯಮ. ಹೃದಯ ಬಲಗೊಳ್ಳುವುದು ಓಡುವಾಗಲ್ಲ, ಸುಧಾರಿಸಿಕೊಳ್ಳುವಾಗ ಎಂದು ಅವರು ನಂಬಿದ್ದರು. ಗೆರ್ಶ್ಲರ್ ಪಳಗಿಸಿದ ರುಡಾಲ್ಫ್ ಹಾರ್ಬಿಗ್ 1939ರಲ್ಲಿ 800 ಮೀಟರನ್ನು 1 ನಿಮಿಷ 46.6 ಸೆಕೆಂಡಿನಲ್ಲಿ ಓಡಿದರು. ಆ ವಿಶ್ವದಾಖಲೆ ಹದಿನಾರು ವರ್ಷ ಅಲುಗಲಿಲ್ಲ. ಯುದ್ಧದ ನಂತರ ಜೆಕೊಸ್ಲೊವಾಕಿಯಾದ ಎಮಿಲ್ ಜಾಟೊಪೆಕ್ ಈ ಪದ್ಧತಿಯನ್ನು ತಮ್ಮದೇ ರೀತಿಯಲ್ಲಿ ವಿಪರೀತಕ್ಕೆ ಒಯ್ದರು. 400 ಮೀಟರನ್ನು ಇಪ್ಪತ್ತು ಸಲ ಓಡುವುದು ಅವರಿಗೆ ದಿನದ ಮಾತು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ 5,000, 10,000 ಮೀಟರ್ ಮತ್ತು ಮ್ಯಾರಥಾನ್ ಮೂರರಲ್ಲೂ ಚಿನ್ನ ಗೆದ್ದವರು ಅವರೊಬ್ಬರೇ.

ಬಿಡುವಿಗೆ ಇಷ್ಟು ಬೆಲೆಯಿರುವುದರಿಂದ ನಡುವಿನ ಜಾಗಿಂಗ್ ಸುತ್ತನ್ನು ಅವಸರದಲ್ಲಿ ಮುಗಿಸಬಾರದು, ಹಾಗೆಂದು ಎಳೆಯಲೂಬಾರದು. ಬಗ್ಗಿ ಮಂಡಿಗೆ ಕೈಕೊಟ್ಟು ನಿಂತವರನ್ನು ಗುಂಪಿನ ಹಿರಿಯರು ಬೆನ್ನು ತಟ್ಟಿ ಎಬ್ಬಿಸುತ್ತಾರೆ: “ನಿಲ್ಬೇಡಿ, ಕಾಲು ಆಡ್ತಾ ಇರ್ಲಿ.” ಇದರ ಹಿಂದೆ ಶರೀರದ ಸತ್ಯವಿದೆ. ಕಾಲು ಉರಿಯುವುದಕ್ಕೆ ಲ್ಯಾಕ್ಟಿಕ್ ಆಸಿಡ್ ಕಾರಣ ಎಂದು ಇಂದಿಗೂ ಹೇಳುವವರಿದ್ದಾರೆ. ಆದರೆ ದೇಹದಲ್ಲಿ ಲ್ಯಾಕ್ಟೇಟ್ ರೂಪದಲ್ಲಿರುವ ಅದು ವಿಷವಲ್ಲ, ಇಂಧನ. ಹೃದಯವೂ ಬೇರೆ ಸ್ನಾಯುಗಳೂ ಅದನ್ನು ಉರಿಸಿ ಶಕ್ತಿ ಪಡೆಯುತ್ತವೆ. ಮೆಲ್ಲಗೆ ಓಡುತ್ತಿದ್ದರೆ ಅದು ರಕ್ತದಿಂದ ಬೇಗ ಖರ್ಚಾಗುತ್ತದೆ, ನಿಂತುಬಿಟ್ಟರೆ ನಿಧಾನವಾಗುತ್ತದೆ. ಮರುದಿನದ ಮೈಕೈ ನೋವಿಗೂ ಲ್ಯಾಕ್ಟೇಟಿಗೂ ಸಂಬಂಧವಿಲ್ಲ. ಅದು ಸ್ನಾಯುವಿನ ಎಳೆಗಳಿಗೆ ಆದ ಸಣ್ಣ ಪೆಟ್ಟಿನ ನೋವು.

ಟ್ರ್ಯಾಕಿಗೆ ಅದರದೇ ಶಿಸ್ತಿದೆ, ನಮ್ಮ ಹಳೆಯ ಗರಡಿಮನೆಗೆ ಇದ್ದ ಹಾಗೆ. ಮೊದಲ ಲೇನ್ ಜೋರಾಗಿ ಓಡುತ್ತಿರುವವರದು. ಜಾಗಿಂಗ್ ಮಾಡುವವರು, ನಡೆಯುವವರು ಹೊರಗಿನ ಲೇನ್ ಹಿಡಿಯಬೇಕು. ಎಡಗೈ ಒಳಬದಿಗೆ ಬರುವಂತೆ ಓಡುವುದು ಇಂದಿನ ರೂಢಿ. 1896ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಓಡಿದ್ದು ಇದಕ್ಕೆ ತಿರುವುಮುರುವಾಗಿ. ಹಿಂದಿನಿಂದ “ಟ್ರ್ಯಾಕ್!” ಎಂಬ ಕೂಗು ಕೇಳಿದರೆ ಹೊರಗೆ ಸರಿದು ದಾರಿ ಬಿಡಬೇಕು. ಆ ಕೂಗು ಕೇಳಬೇಕಾದರೆ ಕಿವಿಯಲ್ಲಿ ಇಯರ್‌ಫೋನ್ ಇರಬಾರದು. ರಿಪೀಟ್ ಮುಗಿದ ಕೂಡಲೇ ಗೆರೆಯ ಮೇಲೆ ನಿಲ್ಲಬಾರದು, ಹಿಂದೆ ಬರುತ್ತಿರುವವರ ಓಟ ಇನ್ನೂ ಮುಗಿದಿರುವುದಿಲ್ಲ. ಇವು ಸಣ್ಣ ನಿಯಮಗಳು. ಆದರೆ ಹದಿನೇಳರ ಅಥ್ಲೀಟ್ ಮತ್ತು ಅರವತ್ತರ ಅಜ್ಜಿ ಒಂದೇ ಅಂಗಳದಲ್ಲಿ ಒಟ್ಟಿಗೆ ಬೆವರು ಸುರಿಸಲು ಸಾಧ್ಯವಾಗುವುದು ಇವುಗಳಿಂದಲೇ.

ಗುಂಪಿನಿಂದ ಒಂದು ಅಪಾಯವೂ ಇದೆ. ಎತ್ತಿ ನಿಲ್ಲಿಸುವ ಗುಂಪೇ ಎಳೆದು ಕೆಡವಬಲ್ಲದು. ಪರಿಚಯದವರೆಲ್ಲ ಮುಂದಿನ ಗುಂಪಿನಲ್ಲಿದ್ದಾರೆ ಎಂದು ಅವರ ಜೊತೆ ಹೊರಟವರು ಮೂರನೇ ರಿಪೀಟಿಗೆ ಸೋತು ಬದಿಗೆ ಕೂರುವುದನ್ನು ವಾರವಾರವೂ ಕಾಣಬಹುದು. ಟ್ರ್ಯಾಕಿಗೆ ಬರುವುದು ಗೆಲ್ಲಲಿಕ್ಕಲ್ಲ. ಗೆಲ್ಲುವ ಓಟಕ್ಕೆ ಬೇರೆ ದಿನವಿದೆ, ಬೇರೆ ಗೆರೆಯಿದೆ. ಇಲ್ಲಿ ಒಳ್ಳೆಯ ಓಟವನ್ನು ಗುರುತಿಸುವ ಅಳತೆ ಒಂದೇ: ಆರನೇ 800 ಮೊದಲನೆಯದರ ಸಮಯಕ್ಕೇ ಮುಗಿಯಬೇಕು. ಮೊದಲನೆಯದು 3:45, ಕೊನೆಯದು 4:25 ಎಂದು ಬರೆದುಕೊಂಡವರಿಗಿಂತ ಆರೂ ಸಲ 4:20 ಓಡಿದವರು ನನ್ನ ಲೆಕ್ಕದಲ್ಲಿ ಮೇಲಿನ ಓಟಗಾರರು. ಅವರು ಗುಂಪಿನ ತೀರಾ ಹಿಂದಿದ್ದರೂ ಸರಿಯೇ. ಕಷ್ಟಪಟ್ಟು ಹಿಂದೆ ಓಡುವವರ ಕಡೆ ಕರುಣೆಯಿಂದ ನೋಡುವವರಿಗೆ ಈ ಲೆಕ್ಕ ಗೊತ್ತಿರುವುದಿಲ್ಲ. ಬಲ್ಲ ಕೋಚ್ ಕಣ್ಣಿಡುವುದೇ ಅವರ ಮೇಲೆ.

ಹೊಸದಾಗಿ ಬರುವವರಿಗೆ ಕೆಲವು ಮಾತು. ವಾರಕ್ಕೆ ಮೂರು ನಾಲ್ಕು ದಿನ ನಿಧಾನವಾಗಿ ಓಡುವುದು ಕೆಲವು ತಿಂಗಳಿಂದ ರೂಢಿಯಲ್ಲಿದ್ದರೆ ಮಾತ್ರ ಟ್ರ್ಯಾಕಿಗೆ ಬನ್ನಿ. ನಲವತ್ತು ದಾಟಿದವರು, ಸಕ್ಕರೆ, ರಕ್ತದೊತ್ತಡ ಇರುವವರು ಮೊದಲು ವೈದ್ಯರಿಗೆ ತೋರಿಸಿಕೊಳ್ಳಿ. ಇಂಥ ಓಟ ವಾರಕ್ಕೆ ಒಂದೇ ಸಾಕು, ಮರುದಿನ ಮೈಗೆ ವಿಶ್ರಾಂತಿ ಬೇಕು. ಶುರುವಿಗೆ 400 ಮೀಟರಿನ ನಾಲ್ಕು ರಿಪೀಟ್ ಧಾರಾಳವಾಯಿತು. ಊರಿನಲ್ಲಿ ಸಿಂಥೆಟಿಕ್ ಟ್ರ್ಯಾಕ್ ಇಲ್ಲದಿದ್ದರೆ ಚಿಂತೆಯಿಲ್ಲ. ಹೈಸ್ಕೂಲ್ ಮೈದಾನದಲ್ಲಿ ಕ್ರೀಡಾಕೂಟಕ್ಕೆ ಸುಣ್ಣದ ಗೆರೆ ಹಾಕಿದ 200 ಮೀಟರಿನ ಮಣ್ಣಿನ ಸುತ್ತೂ ಇದೇ ಪಾಠ ಕಲಿಸುತ್ತದೆ. ಮೈದಾನ ಯಾವುದಾದರೂ ಇರಲಿ, ಜೊತೆಗೆ ಓಡಲು ಮೂರು ಜನ ಇರಬೇಕು.

ಕ್ರೀಡಾಂಗಣಗಳನ್ನು ನೋಡಿಕೊಳ್ಳುವವರಲ್ಲಿ ನನ್ನದೊಂದು ಕೋರಿಕೆ. ಬೆಳಿಗ್ಗೆ ಒಂದೆರಡು ಗಂಟೆ ಟ್ರ್ಯಾಕಿನ ಗೇಟು ಸಾಮಾನ್ಯರಿಗೂ ತೆರೆದಿರಲಿ, ಯಾವ ಹೊತ್ತು ಯಾರಿಗೆ ಎಂಬ ಬೋರ್ಡು ಗೇಟಿನ ಮೇಲಿರಲಿ. ಓದುಗರಲ್ಲಿ ಇನ್ನೊಂದು. ಈ ವಾರ ನಿಮ್ಮೂರಿನ ಟ್ರ್ಯಾಕಿಗೆ ಹೋಗಿ, ನಿಮ್ಮ ಶಕ್ತಿಗಿಂತ ಒಂದು ಮೆಟ್ಟಿಲು ಕೆಳಗಿನ ಗುಂಪನ್ನು ಹುಡುಕಿ ಅದರ ಹಿಂದೆ ಸೇರಿಕೊಳ್ಳಿ. ಮೊದಲ ಸುತ್ತನ್ನು ಹಿಡಿತದಲ್ಲಿ ಓಡಿ, ಐದನೆಯದನ್ನು ಬಿಡಬೇಡಿ. ಆರನೆಯದು ತಾನಾಗಿ ಬರುತ್ತದೆ.