ನ್ಯಾಯಪೀಠದ ಮೇಲಿನ ದೂರು: ಒಂದು ವಿಮರ್ಶೆ

ನ್ಯಾಯಮೂರ್ತಿಯೊಬ್ಬರ ನಡತೆಯಲ್ಲಿ ದೋಷವಿದೆಯೆಂದು ಕಂಡುಬಂದಾಗ ಸಾಮಾನ್ಯ ಪ್ರಜೆಯು ಅದನ್ನು ಎಲ್ಲಿ ನಿವೇದಿಸಿಕೊಳ್ಳಬೇಕು? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು 1968ರ ನ್ಯಾಯಾಧೀಶರ ವಿಚಾರಣಾ ಅಧಿನಿಯಮವನ್ನು ಓದಿದರೆ, ಅದರಲ್ಲಿ ಆ ಪ್ರಜೆಗೆ ಸ್ಥಾನವೇ ಇಲ್ಲವೆಂಬುದು ಮೊದಲು ಗೋಚರವಾಗುತ್ತದೆ. ಲೋಕಸಭೆಯ 100 ಅಥವಾ ರಾಜ್ಯಸಭೆಯ 50 ಸದಸ್ಯರು ಸಹಿ ಮಾಡಿದರೆ ಮಾತ್ರ ಅಲ್ಲಿ ಬಾಗಿಲು ತೆರೆಯುತ್ತದೆ. ಅನಂತರ ಮೂವರ ಸಮಿತಿಯ ವಿಚಾರಣೆ; ಆರೋಪ ಸಿದ್ಧವಾದರೆ ಎರಡೂ ಸದನಗಳಲ್ಲಿ ಒಟ್ಟು ಸದಸ್ಯರ ಬಹುಮತ ಮತ್ತು ಹಾಜರಿದ್ದು ಮತ ನೀಡಿದವರ ಮೂರನೆಯ ಎರಡು ಭಾಗದ ಒಪ್ಪಿಗೆ. ದಂಡನೆಯೂ ಒಂದೇ, ಪದಚ್ಯುತಿ. ಎಚ್ಚರಿಕೆಯಾಗಲಿ ಛೀಮಾರಿಯಾಗಲಿ ಈ ಕಾನೂನಿಗೆ ಗೊತ್ತಿಲ್ಲ. ಸಣ್ಣ ತಪ್ಪಿಗೆ ಇದು ಅತಿಯಾಯಿತು. ದೊಡ್ಡ ತಪ್ಪಿಗೂ ಇದು ತಲುಪುವುದಿಲ್ಲವೆಂಬುದನ್ನು ಇತಿಹಾಸವೇ ತೋರಿಸಿಕೊಟ್ಟಿದೆ.

ನ್ಯಾಯಮೂರ್ತಿ ವಿ. ರಾಮಸ್ವಾಮಿಯವರ ಪ್ರಕರಣವನ್ನು ಇಲ್ಲಿ ತುಸು ವಿವರವಾಗಿಯೇ ನೋಡಬೇಕು. ಪಂಜಾಬ್ ಮತ್ತು ಹರಿಯಾಣ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಗಳಾಗಿದ್ದಾಗ ಅಧಿಕೃತ ನಿವಾಸದ ಪೀಠೋಪಕರಣ ಮೊದಲಾದವುಗಳಿಗೆ ಸರ್ಕಾರದ ಹಣವನ್ನು ಮಿತಿಮೀರಿ ಬಳಸಿದರೆಂಬುದು ಅವರ ಮೇಲಿದ್ದ ಮುಖ್ಯ ಆಕ್ಷೇಪ. 1991ರಲ್ಲಿ ಲೋಕಸಭೆಯ 108 ಸದಸ್ಯರು ಸೂಚನೆಗೆ ಸಹಿ ಮಾಡಿದರು. ವಿಚಾರಣಾ ಸಮಿತಿಯಲ್ಲಿ ನ್ಯಾಯಮೂರ್ತಿಗಳಾದ ಪಿ.ಬಿ. ಸಾವಂತ್ ಮತ್ತು ಪಿ.ಡಿ. ದೇಸಾಯಿ ಅವರೊಡನೆ ಓ. ಚಿನ್ನಪ್ಪ ರೆಡ್ಡಿಯವರೂ ಇದ್ದರು. (ಕರ್ನಾಟಕದ ಹಿಂದುಳಿದ ವರ್ಗಗಳ ಮೂರನೆಯ ಆಯೋಗದ ಅಧ್ಯಕ್ಷರಾಗಿ ಅವರು ಕನ್ನಡಿಗರಿಗೆ ಪರಿಚಿತರು.) ಹದಿನಾಲ್ಕು ಆರೋಪಗಳಲ್ಲಿ ಹನ್ನೊಂದು ಸಿದ್ಧವಾದುವೆಂದು ಸಮಿತಿಯು ನಿರ್ಣಯಿಸಿತು. 1993ರ ಮೇ 11ರಂದು ಸದನದಲ್ಲಿ ನಿರ್ಣಯದ ಪರವಾಗಿ 196 ಮತಗಳು ಬಂದುವು. ವಿರುದ್ಧವಾಗಿ ಒಂದೂ ಇಲ್ಲ. ಆದರೆ 205 ಸದಸ್ಯರು ತಟಸ್ಥರಾಗಿ ಕುಳಿತರು; ನಿರ್ಣಯ ಬಿದ್ದುಹೋಯಿತು. ದೋಷವಿಲ್ಲವೆಂದು ಬಾಯಿಬಿಟ್ಟು ಹೇಳುವ ಧೈರ್ಯ ಒಬ್ಬರಿಗೂ ಇರಲಿಲ್ಲ, ದೋಷವಿದೆಯೆಂದು ಹೇಳುವ ಮನಸ್ಸು ಆಡಳಿತ ಪಕ್ಷಕ್ಕೆ ಇರಲಿಲ್ಲ. ಆರೋಪವನ್ನು ಅಲ್ಲಗಳೆದಿದ್ದ ನ್ಯಾಯಮೂರ್ತಿಗಳಿಗೂ ಇದರಿಂದ ಬಿಡುಗಡೆಯ ಗೌರವ ದೊರೆಯಲಿಲ್ಲ.

2011ರಲ್ಲಿ ಮತ್ತೊಂದು ದಾರಿ ಗೋಚರಿಸಿತು. ಕಲ್ಕತ್ತ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಸೌಮಿತ್ರ ಸೇನ್ ಅವರ ಪದಚ್ಯುತಿಗೆ ರಾಜ್ಯಸಭೆಯು ಒಪ್ಪಿತು. ಲೋಕಸಭೆಯಲ್ಲಿ ಚರ್ಚೆ ನಡೆಯುವ ಮುನ್ನವೇ ಅವರು ರಾಜೀನಾಮೆ ಕೊಟ್ಟರು. ಕರ್ನಾಟಕ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಗಳಾಗಿದ್ದು ಸಿಕ್ಕಿಂಗೆ ವರ್ಗವಾದ ಪಿ.ಡಿ. ದಿನಕರನ್ ಅವರ ವಿರುದ್ಧ ತಮಿಳುನಾಡಿನ ಭೂಮಿಯ ಒತ್ತುವರಿಯೇ ಮೊದಲಾದ ಆರೋಪಗಳಿದ್ದುವು. ಅವರು ಅವನ್ನು ನಿರಾಕರಿಸಿದರು. ಆದರೆ ವಿಚಾರಣೆ ಮುಗಿಯುವ ಮೊದಲೇ ಅದೇ ವರ್ಷ ಜುಲೈಯಲ್ಲಿ ಅವರೂ ಹುದ್ದೆ ತ್ಯಜಿಸಿದರು, ವಿಚಾರಣೆ ನಿಂತಿತು. ಹುದ್ದೆಯೊಡನೆ ಪ್ರಶ್ನೆಯೂ ಹೊರಟುಹೋಗುವುದೆಂಬ ಈ ಭಾವನೆ ವಿಚಿತ್ರವಾದುದು. ಸತ್ಯವನ್ನು ತಿಳಿಯುವುದಕ್ಕಿಂತ ಕುರ್ಚಿಯನ್ನು ತೆರವು ಮಾಡಿಸುವುದೇ ಕಾನೂನಿನ ಗುರಿಯೆಂದು ಇದರಿಂದ ಭಾಸವಾಗುತ್ತದೆ.

ಸಂಸತ್ತಿನ ದಾರಿ ಹೀಗಿರಲು ನ್ಯಾಯಾಂಗವು 1999ರಲ್ಲಿ ತನ್ನದೇ ಆಂತರಿಕ ಕಾರ್ಯವಿಧಾನವನ್ನು ಅಂಗೀಕರಿಸಿತು. ಇಲ್ಲಿ ಯಾರು ಬೇಕಾದರೂ ದೂರು ಬರೆಯಬಹುದು, ಇದು ದೊಡ್ಡ ಮುನ್ನಡೆ. ತೀರ್ಪು ತಪ್ಪೆಂಬ ದೂರನ್ನು ಮಾತ್ರ ಅಲ್ಲಿ ಪರಿಗಣಿಸುವುದಿಲ್ಲ, ಅದಕ್ಕೆ ಮೇಲ್ಮನವಿಯಿದೆ. ಈ ವಿವೇಕವು ಸರಿಯಾದುದೇ. ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿಯ ಮೇಲಿನ ದೂರು ಗಂಭೀರವಾಗಿ ಕಂಡರೆ, ಬೇರೆ ಉಚ್ಚ ನ್ಯಾಯಾಲಯಗಳ ಇಬ್ಬರು ಮುಖ್ಯ ನ್ಯಾಯಮೂರ್ತಿಗಳೂ ಒಬ್ಬ ನ್ಯಾಯಮೂರ್ತಿಯೂ ಇರುವ ಸಮಿತಿಯು ವಿಚಾರಿಸುತ್ತದೆ. ವರದಿಯ ಪ್ರತಿ ಆರೋಪಿತ ನ್ಯಾಯಮೂರ್ತಿಗೆ ಸಲ್ಲುತ್ತದೆ. ದೂರು ಕೊಟ್ಟವನಿಗೆ ಕೊಡಬೇಕೆಂಬ ಮಾತು ಎಲ್ಲಿಯೂ ಇಲ್ಲ. ಈ ಕಾರ್ಯವಿಧಾನದ ಪಾಠವೇ ಸಾರ್ವಜನಿಕರಿಗೆ ಲಭ್ಯವಾಗುವಂತೆ ಸರ್ವೋಚ್ಚ ನ್ಯಾಯಾಲಯವು ಆದೇಶಿಸಿದ್ದು ಹದಿನೈದು ವರ್ಷಗಳ ಬಳಿಕ, 2014ರಲ್ಲಿ.

ಇದರ ಪರಿಣಾಮವನ್ನು ಕರ್ನಾಟಕವು ಹತ್ತಿರದಿಂದ ಕಂಡಿದೆ. 2002ರಲ್ಲಿ ರಾಜ್ಯದ ಉಚ್ಚ ನ್ಯಾಯಾಲಯದ ಕೆಲವು ನ್ಯಾಯಮೂರ್ತಿಗಳ ಮೇಲೆ ಪತ್ರಿಕೆಗಳಲ್ಲಿ ಆಪಾದನೆಗಳು ಬಂದಾಗ ಆಂತರಿಕ ಸಮಿತಿಯೊಂದು ವಿಚಾರಣೆ ನಡೆಸಿತು. ವರದಿಯನ್ನು ಪ್ರಕಟಿಸಬೇಕೆಂದು ವಕೀಲರಾದ ಇಂದಿರಾ ಜೈಸಿಂಗ್ ಅವರು ಸಲ್ಲಿಸಿದ ಅರ್ಜಿಯನ್ನು ಸರ್ವೋಚ್ಚ ನ್ಯಾಯಾಲಯವು 2003ರಲ್ಲಿ ತಳ್ಳಿಹಾಕಿತು. ಅದು ಪ್ರಾಥಮಿಕ ಸ್ವರೂಪದ ಗೋಪ್ಯ ವರದಿಯೆಂಬುದು ಕಾರಣ. ಆ ನ್ಯಾಯಮೂರ್ತಿಗಳು ನಿರ್ದೋಷಿಗಳಾಗಿದ್ದ ಪಕ್ಷದಲ್ಲಿ ಈ ಗೋಪ್ಯತೆಯಿಂದ ಹೆಚ್ಚು ನೊಂದವರು ಅವರೇ ಅಲ್ಲವೆ? ಊರೆಲ್ಲ ಹರಡಿದ ಗುಲ್ಲನ್ನು ಮುಚ್ಚಿದ ಲಕೋಟೆ ಅಳಿಸಲಾರದು. ದೂರುದಾರರಿಗೆ ರಕ್ಷಣೆ, ನ್ಯಾಯಮೂರ್ತಿಗಳಿಗೆ ಮರ್ಯಾದೆ ಎಂಬ ಎರಡು ಹೆಸರಿನಲ್ಲಿ ಬಂದ ಮೌನವು ಇಬ್ಬರಿಗೂ ಒದಗುವುದಿಲ್ಲ. 2019ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮಾಜಿ ಮಹಿಳಾ ನೌಕರರೊಬ್ಬರು ಅಂದಿನ ಮುಖ್ಯ ನ್ಯಾಯಮೂರ್ತಿಗಳ ಮೇಲೆ ದೂರಿತ್ತಾಗಲೂ, ಆರೋಪದಲ್ಲಿ ಹುರುಳಿಲ್ಲವೆಂಬ ತೀರ್ಮಾನವಷ್ಟೇ ಹೊರಬಂದಿತು. ವರದಿಯನ್ನು ತಡೆಹಿಡಿಯುವುದಕ್ಕೆ 2003ರ ತೀರ್ಪನ್ನೇ ಆಧಾರವಾಗಿ ತೋರಿಸಲಾಯಿತು.

ಸುಳ್ಳು ದೂರಿನ ಭಯ ನಿರಾಧಾರವಲ್ಲವೆಂಬುದನ್ನೂ ಹೇಳಲೇಬೇಕು. ವ್ಯಾಜ್ಯದಲ್ಲಿ ಸೋತವನಿಗೆ ತಾಲ್ಲೂಕಿನ ಮುನ್ಸಿಫರ ಮೇಲೆ ಮೂಗರ್ಜಿ ಬರೆಯುವುದು ಒಂದು ಸುಲಭದ ಸೇಡು. ಜಾಮೀನು ಕೊಟ್ಟರೆ ಲಂಚ, ಕೊಡದಿದ್ದರೆ ದ್ವೇಷ ಎಂಬ ಮಾತು ಹುಟ್ಟುವ ಕಡೆ ಎಳೆಯ ನ್ಯಾಯಾಧೀಶನು ಕಾನೂನಿಗಿಂತ ಅರ್ಜಿಗೆ ಅಂಜತೊಡಗುತ್ತಾನೆ. ಅಧೀನ ನ್ಯಾಯಾಲಯಗಳ ನ್ಯಾಯಾಧೀಶರ ಮೇಲಿನ ದೂರಿಗೆ ಪ್ರಮಾಣಪತ್ರವೂ ಪರಿಶೀಲಿಸಬಹುದಾದ ಆಧಾರವೂ ಇರಬೇಕೆಂದು 2014ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಗಳು ಸೂಚಿಸಿದ್ದು ಉಚಿತವೇ ಸರಿ. ಪ್ರಮಾಣ ಮಾಡಿ ಹೇಳುವವನು ತನ್ನ ಮಾತಿನ ಹೊಣೆಯನ್ನು ಹೊರುತ್ತಾನೆ. ಆದರೆ ಹೊಣೆ ಹೊತ್ತವನಿಗೆ ಉತ್ತರ ಪಡೆಯುವ ಹಕ್ಕೂ ಹುಟ್ಟುತ್ತದೆ. 2010ರ ನ್ಯಾಯಾಂಗ ಹೊಣೆಗಾರಿಕೆ ಮಸೂದೆಯು ಯಾರಿಗಾದರೂ ದೂರು ಕೊಡುವ ಅವಕಾಶವನ್ನು ಒಂದು ಕೈಯಿಂದ ಕೊಟ್ಟು, ಹುರುಳಿಲ್ಲದ ದೂರಿಗೆ ಸೆರೆವಾಸವನ್ನು ಮತ್ತೊಂದು ಕೈಯಿಂದ ತೋರಿಸಿತು. ಲೋಕಸಭೆಯ ಅಂಗೀಕಾರ ಪಡೆದರೂ ಅದು ಕಾನೂನಾಗದೆ 2014ರಲ್ಲಿ ಲುಪ್ತವಾಯಿತು.

ಸರ್ಕಾರಿ ಅಭಿಯೋಜಕರ ಸಂಗತಿ ಸ್ವಲ್ಪ ಬೇರೆ. ಪೂರ್ಣಾವಧಿ ನೌಕರರಾದವರ ಮೇಲೆ ಇಲಾಖೆಯ ವಿಚಾರಣೆ ನಡೆಯುತ್ತದೆ. ವಕೀಲರ ಪೈಕಿ ನೇಮಕಗೊಂಡವರ ಮೇಲೆ 1961ರ ವಕೀಲರ ಅಧಿನಿಯಮದಂತೆ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಬಹುದು. ಸಾಕ್ಷಿಯನ್ನು ಬೇಕೆಂದೇ ಕರೆಯದಿರುವುದು, ಆರೋಪಿಗೆ ಅನುಕೂಲವಾದ ದಾಖಲೆಯನ್ನು ಮರೆಮಾಡುವುದು ಇಂತಹ ದೂರುಗಳ ವಸ್ತು. ಸಿದ್ಧಪಡಿಸುವುದು ಮಾತ್ರ ಕಷ್ಟ. ಗಮನಿಸತಕ್ಕ ಅಂಶವೆಂದರೆ, ಪರಿಷತ್ತಿನ ಶಿಸ್ತು ಸಮಿತಿಯು ದೂರನ್ನು ಒಂದು ವರ್ಷದೊಳಗೆ ತೀರ್ಮಾನಿಸದಿದ್ದರೆ ಅದು ಭಾರತದ ವಕೀಲರ ಪರಿಷತ್ತಿಗೆ ವರ್ಗವಾಗುತ್ತದೆ. ಸಮಿತಿಯ ಆದೇಶದಿಂದ ನೊಂದವರಿಗೆ ಮೇಲ್ಮನವಿಯೂ ಉಂಟು. ಎಚ್ಚರಿಕೆ, ಅಮಾನತು, ಹೆಸರು ತೆಗೆಯುವುದು ಎಂದು ದಂಡನೆಗಳಲ್ಲಿ ಮೆಟ್ಟಿಲುಗಳಿವೆ. ನ್ಯಾಯಪೀಠದ ಎದುರು ನಿಂತು ವಾದಿಸುವವನಿಗೆ ವಿಧಿಸಿದ ಈ ಕ್ರಮವು ಪೀಠದಲ್ಲಿ ಕುಳಿತವರಿಗೆ ಏಕೆ ಸಲ್ಲದು ಎಂಬುದಕ್ಕೆ ಸಮಾಧಾನಕರವಾದ ಕಾರಣ ಇದುವರೆಗೆ ಬಂದಿಲ್ಲ. ಸ್ವಾತಂತ್ರ್ಯಕ್ಕೆ ಧಕ್ಕೆಯೆಂಬ ವಾದವು ಹೊರಗಿನವರು ವಿಚಾರಿಸುವುದಕ್ಕೆ ಅಡ್ಡಿಯಾದೀತು. ಕಾರಣ ಬರೆದು ತಿಳಿಸುವುದಕ್ಕೆ ಅಲ್ಲ.

2025ರ ಮಾರ್ಚಿಯಲ್ಲಿ ದೆಹಲಿಯ ನ್ಯಾಯಮೂರ್ತಿ ಯಶವಂತ್ ವರ್ಮ ಅವರ ನಿವಾಸದಲ್ಲಿ ಬೆಂಕಿ ಬಿದ್ದು ಸುಟ್ಟ ನೋಟುಗಳು ಸಿಕ್ಕಿದುವೆಂಬ ಸುದ್ದಿ ಬಂದಾಗ, ಸರ್ವೋಚ್ಚ ನ್ಯಾಯಾಲಯವು ಪ್ರಾಥಮಿಕ ವರದಿ, ಚಿತ್ರಗಳು ಮತ್ತು ಆರೋಪವನ್ನು ನಿರಾಕರಿಸಿದ ಅವರ ಉತ್ತರ ಇವೆಲ್ಲವನ್ನೂ ಒಟ್ಟಿಗೆ ಪ್ರಕಟಿಸಿತು. ಆಪಾದನೆಯ ಪಕ್ಕದಲ್ಲಿಯೇ ಅದರ ಪ್ರತ್ಯುತ್ತರವನ್ನು ಜನರು ಓದುವಂತಾಯಿತು. ಮೇ ತಿಂಗಳಿನಲ್ಲಿ ಮೂವರು ನ್ಯಾಯಮೂರ್ತಿಗಳ ಸಮಿತಿಯು ಒಪ್ಪಿಸಿದ ವರದಿಯನ್ನು ಮಾತ್ರ ನ್ಯಾಯಾಲಯವು ಹಾಗೆ ಪ್ರಕಟಿಸಲಿಲ್ಲ.