ಸಣ್ಣ ವಿಷಯಗಳನ್ನೇ ಮಾತಾಡೋಣ

2023ರ ಜನವರಿಯಲ್ಲಿ ಮಂಗಳೂರಿನ ಬೂತ್ ಕಾರ್ಯಕರ್ತರ ಸಭೆಯಲ್ಲಿ ಆಗಿನ ಬಿಜೆಪಿ ರಾಜ್ಯಾಧ್ಯಕ್ಷ ನಳಿನ್ ಕುಮಾರ್ ಕಟೀಲ್ ಆಡಿದ ಮಾತು ನಿಮಗೆ ನೆನಪಿರಬಹುದು. ರಸ್ತೆ, ಚರಂಡಿಯಂಥ ಸಣ್ಣ ವಿಷಯಗಳ ಬಗ್ಗೆ ಮಾತಾಡಬೇಡಿ, ಲವ್ ಜಿಹಾದ್ ಬಗ್ಗೆ ಮಾತಾಡಿ ಎಂಬುದು ಅದರ ಸಾರ. ಮುಂಬೈಯಲ್ಲಿ ಲೋಕಲ್ ಟ್ರೈನಿನ ನೂಕುನುಗ್ಗಲಿನಲ್ಲಿ ನಿಂತು ಮೊಬೈಲಿನಲ್ಲಿ ಆ ವಿಡಿಯೋ ನೋಡಿದಾಗ ನನಗೆ ಮೊದಲು ನಗು ಬಂತು. ಅದೇ ಜಿಲ್ಲೆಯಿಂದ ಮೂರು ಸಲ ಸಂಸದರಾದವರು ಇವರು. ಆಮೇಲೆ ಅನ್ನಿಸಿತು, ಇದರಲ್ಲಿ ನಗುವಂಥದ್ದೇನಿದೆ? ನಮ್ಮ ಲೆಕ್ಕ ಕೇಳಬೇಡಿ ಎಂದು ಆಳುವ ಪಕ್ಷವೊಂದು ಇಷ್ಟು ನೇರವಾಗಿ ಹೇಳಿದ್ದು ಅಪರೂಪ. ಅಷ್ಟರ ಮಟ್ಟಿಗೆ ಅವರು ಪ್ರಾಮಾಣಿಕರೇ, ಮಾರಾಯ್ರೆ.

2023ರ ಮೇ 10ಕ್ಕೆ ಕರ್ನಾಟಕದಲ್ಲಿ ಮತದಾನವಿತ್ತು. ಹೊರರಾಜ್ಯದಲ್ಲಿದ್ದರೂ ನಮ್ಮಲ್ಲಿ ಹಲವರ ಹೆಸರು ಇನ್ನೂ ಊರಿನ ಪಟ್ಟಿಯಲ್ಲೇ ಉಂಟು. ಹಾಗಾಗಿ ನಾನಿಲ್ಲಿ ಸಣ್ಣ ವಿಷಯವನ್ನೇ ಹಿಡಿದುಕೊಂಡಿದ್ದೇನೆ. ತೀರಾ ಸಣ್ಣದು. ಮಂಗಳೂರಿನ ಹತ್ತಿರ ಇರುವ ನನ್ನ ತಂಗಿಯ ಮಗಳ ಶಾಲೆಯ ಕತೆ.

2019ರ ಜುಲೈಯಲ್ಲಿ ಯಡಿಯೂರಪ್ಪ ಪ್ರಮಾಣವಚನ ತೆಗೆದುಕೊಂಡಾಗ ಅವಳು ಒಂಬತ್ತನೇ ತರಗತಿ. 2018ರ ಚುನಾವಣೆಯಲ್ಲಿ ಜನ ಬಿಜೆಪಿಗೆ ಕೊಟ್ಟದ್ದು 104 ಸ್ಥಾನ, ಬಹುಮತವಲ್ಲ. ಉಳಿದದ್ದನ್ನು ಹೇಗೆ ಹೊಂದಿಸಿದರು, ಶಾಸಕರು ಯಾವ ಹೋಟೆಲಿನಲ್ಲಿದ್ದರು ಎಂಬುದನ್ನು ಮುಂಬೈಯವರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2023ರ ಚುನಾವಣೆಯ ಹೊತ್ತಿಗೆ ಅವಳು ದ್ವಿತೀಯ ಪಿಯುಸಿ ಬರೆದು ಸಿಇಟಿಗೆ ಓದುತ್ತಿದ್ದಳು. ಅಂದರೆ ಆ ಸರಕಾರದ ಅವಧಿಯೂ ಅವಳ ಒಂಬತ್ತರಿಂದ ಹನ್ನೆರಡರವರೆಗಿನ ಓದೂ ಸರಿಯಾಗಿ ಒಂದಕ್ಕೊಂದು ಕೂಡಿಕೊಂಡಿವೆ. ಯಾವ ಪ್ರಣಾಳಿಕೆಗಿಂತಲೂ ನನಗೆ ಈ ಅಳತೆಗೋಲು ಹೆಚ್ಚು ನಂಬಿಕೆಯದ್ದು.

ಒಂಬತ್ತನೆಯಲ್ಲಿ ಅವಳು ಕಂಡದ್ದು ಕರ್ಫ್ಯೂ. 2019ರ ಡಿಸೆಂಬರ್ 19ರಂದು ಮಂಗಳೂರಿನಲ್ಲಿ ಪೌರತ್ವ ಕಾಯ್ದೆ ವಿರೋಧಿ ಪ್ರತಿಭಟನೆಯ ವೇಳೆ ಪೊಲೀಸರ ಗುಂಡಿಗೆ ಇಬ್ಬರು ಸತ್ತರು. ಕುಟುಂಬಗಳಿಗೆ ತಲಾ 10 ಲಕ್ಷ ಎಂದು ಘೋಷಿಸಿದ ಸರಕಾರ ಕೆಲವೇ ದಿನಗಳಲ್ಲಿ ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡಿತು. ಹತ್ತನೆಯಲ್ಲಿ ಕೊರೊನಾ, ಮನೆಯಲ್ಲಿದ್ದ ಒಂದೇ ಫೋನು ತಂದೆಯ ಜೊತೆ ಕೆಲಸಕ್ಕೆ ಹೋಗುತ್ತಿತ್ತು, ಸಂಜೆ ಬಂದ ಮೇಲೆ ಅವಳ ಪಾಠ. 2021ರ ಮೇ 2ರಂದು ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕ ಮುಗಿದು ರೋಗಿಗಳು ಸತ್ತರು. ಸರಕಾರ 24 ಎಂದಿತು, ಹೈಕೋರ್ಟ್ ನೇಮಿಸಿದ ಸಮಿತಿ ಎಣಿಸಿದಾಗ ಅದು 36 ಆಯಿತು. ಅದಾಗಿ ಎರಡೇ ದಿನಕ್ಕೆ ಬೆಂಗಳೂರು ದಕ್ಷಿಣದ ಸಂಸದರು ಕೊರೊನಾ ವಾರ್‌ರೂಮಿಗೆ ಹೋಗಿ, ಹಾಸಿಗೆ ಹಂಚಿಕೆ ಅಕ್ರಮದ ಹೆಸರಲ್ಲಿ, ಇನ್ನೂರಕ್ಕೂ ಹೆಚ್ಚು ಸಿಬ್ಬಂದಿಯ ಪೈಕಿ ಮುಸ್ಲಿಮ್ ಹುಡುಗರ ಹೆಸರುಗಳನ್ನಷ್ಟೇ ಕ್ಯಾಮೆರಾ ಮುಂದೆ ಓದಿದರು. ಆ ವಾರ ಟಿವಿಯಲ್ಲಿ ಹೆಚ್ಚು ಹೊತ್ತು ಓಡಿದ ಸುದ್ದಿ ಯಾವುದು ಎಂದು ನೆನಪು ಮಾಡಿಕೊಳ್ಳಿ. ಆಮ್ಲಜನಕ ಸಣ್ಣ ವಿಷಯ ಆಗಿಬಿಟ್ಟಿತ್ತು.

ಪ್ರಥಮ ಪಿಯುಸಿಯಲ್ಲಿ ಹಿಜಾಬ್. 2022ರ ಫೆಬ್ರವರಿ 5ರ ಸರಕಾರಿ ಆದೇಶ, ಮಾರ್ಚ್ 15ರ ಹೈಕೋರ್ಟ್ ತೀರ್ಪು, ಅಕ್ಟೋಬರ್ 13ಕ್ಕೆ ಸುಪ್ರೀಂ ಕೋರ್ಟಿನಲ್ಲಿ ಇಬ್ಬರು ನ್ಯಾಯಮೂರ್ತಿಗಳ ಎರಡು ಅಭಿಪ್ರಾಯ, ಇದೆಲ್ಲ ನಿಮಗೆ ಗೊತ್ತು. ಇದರ ಬಗ್ಗೆ ನಾವು ಬೇಕಾದಷ್ಟು ಬರೆದಿದ್ದೇವೆ, ಬೇಕಾದ್ದಕ್ಕಿಂತ ಹೆಚ್ಚು ಭಾವುಕರಾಗಿಯೂ ಬರೆದಿದ್ದೇವೆ. ನಾನು ಒಂದೇ ಮಾತು ಸೇರಿಸುತ್ತೇನೆ. ನನ್ನ ಸೊಸೆ ಓದು ಬಿಡಲಿಲ್ಲ. ಗೇಟಿನ ಪಕ್ಕದ ಕೋಣೆಯಲ್ಲಿ ಶಾಲು ಮಡಚಿ ಬ್ಯಾಗಿಗಿಟ್ಟು ತರಗತಿಗೆ ಹೋದಳು. ಅವಳ ಗೆಳತಿ ಬಿಟ್ಟಳು. ಒಂದೇ ಬೆಂಚಿನ ಇಬ್ಬರು. ಇವಳು ಮಾಡಿದ್ದು ಸರಿಯೋ ಅವಳು ಮಾಡಿದ್ದು ಸರಿಯೋ ಎಂಬ ಚರ್ಚೆ ನಮ್ಮ ಮನೆಗಳಲ್ಲಿ ನಡೆಯಿತು. ಹದಿನಾರರ ಮಕ್ಕಳ ಮುಂದೆ ಇಂಥ ಆಯ್ಕೆ ತಂದಿಟ್ಟವರು ಯಾರು ಎಂಬ ಪ್ರಶ್ನೆ ಮಾತ್ರ ಆ ಗದ್ದಲದಲ್ಲಿ ಹಿಂದೆ ಬಿತ್ತು.

ಅದೇ ವರ್ಷ ಕಾಪು ಮಾರಿಗುಡಿಯ ಜಾತ್ರೆಯಲ್ಲಿ ಮುಸ್ಲಿಮ್ ವ್ಯಾಪಾರಿಗಳಿಗೆ ಅಂಗಡಿ ಇಲ್ಲ ಎಂದಾಯಿತು. ಕಾನೂನು ಮಂತ್ರಿ ಸದನದಲ್ಲಿ 2002ರ ನಿಯಮ ತೋರಿಸಿದರು. ಆ ಜುಲೈಯಲ್ಲಿ ದಕ್ಷಿಣ ಕನ್ನಡದಲ್ಲಿ ಹತ್ತು ದಿನದೊಳಗೆ ಮೂವರು ಯುವಕರ ಕೊಲೆಯಾಯಿತು, ಇಬ್ಬರು ಮುಸ್ಲಿಮರು, ಒಬ್ಬರು ಬಿಜೆಪಿ ಯುವಮೋರ್ಚಾದವರು. ಮುಖ್ಯಮಂತ್ರಿ ಬೊಮ್ಮಾಯಿ ಜಿಲ್ಲೆಗೆ ಬಂದರು, ಒಂದು ಮನೆಗೆ ಹೋದರು, 25 ಲಕ್ಷದ ಚೆಕ್ ಕೊಟ್ಟರು. ಹೋದದ್ದು ತಪ್ಪಲ್ಲ, ಹೋಗಲೇಬೇಕಿತ್ತು. ಉಳಿದೆರಡು ಮನೆಗಳ ದಾರಿ ಅವರಿಗೆ ಕಾಣಲಿಲ್ಲ.

ಈಗ ದ್ವಿತೀಯ ಪಿಯುಸಿಗೆ ಬರೋಣ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ವಿದ್ಯಾರ್ಥಿಗಳು ಇದನ್ನು ಲೆಕ್ಕದ ಹಾಗೆಯೇ ಓದಬೇಕೆಂದು ನನ್ನ ಆಸೆ.

ಕರ್ನಾಟಕದಲ್ಲಿ ಹಿಂದುಳಿದ ವರ್ಗಗಳಿಗೆ ಒಟ್ಟು ಶೇ. 32 ಮೀಸಲಾತಿ. ಪ್ರವರ್ಗ 1ಕ್ಕೆ 4, 2ಎಗೆ 15, 2ಬಿಗೆ 4, 3ಎಗೆ 4, 3ಬಿಗೆ 5. ಇದರಲ್ಲಿ 2ಬಿ ಮುಸ್ಲಿಮರದ್ದು. 2011ರ ಜನಗಣತಿ ಪ್ರಕಾರ ರಾಜ್ಯದಲ್ಲಿ ಮುಸ್ಲಿಮರು ಶೇ. 13ರ ಆಸುಪಾಸು; ನೂರು ಸೀಟಿನಲ್ಲಿ ನಾಲ್ಕು ಅವರಿಗೆ. 2023ರ ಮಾರ್ಚ್ 24ರಂದು, ದ್ವಿತೀಯ ಪಿಯುಸಿ ಪರೀಕ್ಷೆ ಇನ್ನೂ ನಡೆಯುತ್ತಿರುವಾಗಲೇ, ಚುನಾವಣಾ ದಿನಾಂಕ ಘೋಷಣೆಗೆ ಐದು ದಿನ ಮೊದಲು, ಬೊಮ್ಮಾಯಿ ಸಂಪುಟ ಆ ನಾಲ್ಕನ್ನು ತೆಗೆದು ಒಕ್ಕಲಿಗರಿಗೆ ಎರಡು, ಲಿಂಗಾಯತರಿಗೆ ಎರಡು ಎಂದು ಹಂಚಿತು. ಮುಸ್ಲಿಮರು ಆರ್ಥಿಕವಾಗಿ ದುರ್ಬಲರ ಶೇ. 10ರ ಕೋಟಾಕ್ಕೆ ಹೋಗಲಿ ಎಂದಿತು. ಸಿಇಟಿ ಅರ್ಜಿಯಲ್ಲಿ 2ಬಿ ಎಂದು ತುಂಬಿ, ತಹಶೀಲ್ದಾರರ ಪ್ರಮಾಣಪತ್ರ ಇಟ್ಟುಕೊಂಡಿದ್ದ ಹುಡುಗಿ ಮರುದಿನ ನನಗೆ ಫೋನ್ ಮಾಡಿ ಕೇಳಿದ್ದು ಇಷ್ಟೇ: "ಮಾಮ, ಇನ್ನು ನಾನು ಯಾವ ಕಾಲಂ?"

ನಾಲ್ಕು ಹೋದರೇನು, ಹತ್ತು ಸಿಕ್ಕಿತಲ್ಲ ಎಂದು ಕೇಳುವವರಿದ್ದಾರೆ. ನಮ್ಮ ಸಮುದಾಯದಲ್ಲೂ ಇದ್ದಾರೆ. ಆ ಹತ್ತು ಖಾಲಿ ಕುರ್ಚಿಗಳಲ್ಲ. ತಲೆಮಾರುಗಳಿಂದ ಓದಿಕೊಂಡು ಬಂದ, ಮೀಸಲಾತಿಯೇ ಇಲ್ಲದಿದ್ದ ಸಮುದಾಯಗಳ ಬಡವರ ಜೊತೆ ಸ್ಪರ್ಧಿಸಬೇಕು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದುಂಟು. ಆ ಕೋಟಾ ಇರುವುದೇ ಸಾಮಾಜಿಕವಾಗಿ ಹಿಂದುಳಿದಿಲ್ಲದ, ಕೇವಲ ಬಡತನ ಇರುವವರಿಗೆ. ನಮ್ಮನ್ನು ಅಲ್ಲಿಗೆ ಕಳಿಸುವುದೆಂದರೆ ಮುಸ್ಲಿಮರು ಸಾಮಾಜಿಕವಾಗಿ, ಶೈಕ್ಷಣಿಕವಾಗಿ ಮುಂದುವರಿದವರು ಎಂದು ಷರಾ ಬರೆದಂತೆ. ಯಾವ ಸಮೀಕ್ಷೆ ಇದನ್ನು ಹೇಳಿತು? ಯಾವುದೂ ಹೇಳಿಲ್ಲ.

ಧರ್ಮದ ಆಧಾರದ ಮೀಸಲಾತಿಗೆ ಸಂವಿಧಾನದಲ್ಲಿ ಅವಕಾಶ ಇಲ್ಲ ಎಂದು ಬೀದರಿನ ಗೋರ್ಟಾಕ್ಕೆ ಬಂದ ಅಮಿತ್ ಶಾ ಸಮರ್ಥಿಸಿದರು. ಕೇಳಲು ಸರಿಯಾಗಿಯೇ ಕಾಣುತ್ತದೆ. ಆದರೆ 2ಬಿ ಯಾರೋ ಒಂದು ರಾತ್ರಿ ಓಲೈಕೆಗೆ ಬರೆದುಕೊಟ್ಟದ್ದಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1918ರಲ್ಲೇ ನೇಮಕವಾದ ಮಿಲ್ಲರ್ ಸಮಿತಿ ಹಿಂದುಳಿದವರ ಪಟ್ಟಿಯಲ್ಲಿ ಮುಸ್ಲಿಮರನ್ನು ಸೇರಿಸಿತ್ತು. ದೇವರಾಜ ಅರಸು ನೇಮಿಸಿದ ಹಾವನೂರು ಆಯೋಗ 1975ರಲ್ಲಿ, ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಆಯೋಗ 1990ರಲ್ಲಿ ಅಂಕಿ ಅಂಶ ನೋಡಿ ಅದನ್ನೇ ಹೇಳಿದವು. 1995ರಲ್ಲಿ ದೇವೇಗೌಡರ ಸರಕಾರ ಜಾರಿಗೆ ತಂದಿತು. ಧರ್ಮ ಕಾರಣವಾಗಿರಲಿಲ್ಲ, ಹಿಂದುಳಿದಿರುವಿಕೆ ಕಾರಣವಾಗಿತ್ತು. ಇನ್ನು ಸಂವಿಧಾನಕ್ಕೆ ವಿರುದ್ಧ ಎಂದೇ ಇಟ್ಟುಕೊಳ್ಳೋಣ. 2008ರಿಂದ 2013ರವರೆಗೆ ಯಡಿಯೂರಪ್ಪ, ಸದಾನಂದ ಗೌಡ, ಶೆಟ್ಟರ್ ಮೂವರೂ ಇದೇ 2ಬಿ ಇಟ್ಟುಕೊಂಡೇ ಸೀಟು ಹಂಚಿದರಲ್ಲ? 2019ರಿಂದ 2022ರ ತನಕವೂ ಹಂಚಿದರು. ಸಂವಿಧಾನದ ಪುಸ್ತಕ ಇವರಿಗೆ ಸಿಕ್ಕಿದ್ದು ನೀತಿಸಂಹಿತೆಗೆ ಐದು ದಿನ ಮೊದಲೇ?

2023ರ ಏಪ್ರಿಲ್ 13ರಂದು ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿಗಳಾದ ಕೆ.ಎಂ. ಜೋಸೆಫ್ ಮತ್ತು ಬಿ.ವಿ. ನಾಗರತ್ನ ಅವರ ಪೀಠ, ಈ ನಿರ್ಧಾರದ ತಳಹದಿ ಮೇಲ್ನೋಟಕ್ಕೇ ದೋಷಪೂರಿತ, ಅಲುಗಾಡುವಂಥದ್ದು ಎಂಬರ್ಥದ ಮಾತು ಹೇಳಿತು. ಸದ್ಯಕ್ಕೆ ಹೊಸ ಆದೇಶದಂತೆ ಪ್ರವೇಶ, ನೇಮಕಾತಿ ಮಾಡುವುದಿಲ್ಲ ಎಂದು ಸರಕಾರದ ಪರ ವಕೀಲರೇ ಆಗ ಒಪ್ಪಿದರು. ಒಂದು ನಿರ್ಧಾರವನ್ನು ನ್ಯಾಯಾಲಯದಲ್ಲಿ ನಿಂತು ಕೂಡಲೇ ಜಾರಿಗೆ ತರುತ್ತೇವೆ ಎನ್ನುವ ಧೈರ್ಯ ಇರಲಿಲ್ಲ, ಪ್ರಚಾರದ ವೇದಿಕೆಯಲ್ಲಿ ಮಾತ್ರ ಧೈರ್ಯ ಬೇಕಾದಷ್ಟಿತ್ತು.

ಇಲ್ಲಿ ನಮ್ಮ ಲಿಂಗಾಯತ, ಒಕ್ಕಲಿಗ ಗೆಳೆಯರ ಮಾತು ಬರುತ್ತದೆ. ಅವರ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ಮುಸ್ಲಿಮರದ್ದು ಕಿತ್ತು ನಮಗೆ ಕೊಡಿ ಎಂದು ಅವರು ಕೇಳಿರಲಿಲ್ಲ. ಪಂಚಮಸಾಲಿಗಳು ಕೇಳಿದ್ದು 2ಎ. ಸಿಕ್ಕಿದ್ದು ಇಡೀ ಲಿಂಗಾಯತ ಗುಂಪು ಹಂಚಿಕೊಳ್ಳಬೇಕಾದ ಎರಡು. ಅದೇ ಸಂಪುಟ ಸಭೆ ಮಾಡಿದ ಒಳಮೀಸಲಾತಿಯ ಶಿಫಾರಸಿಗೆ ಬಂಜಾರರು ರೊಚ್ಚಿಗೆದ್ದು ಶಿಕಾರಿಪುರದಲ್ಲಿ ಯಡಿಯೂರಪ್ಪನವರ ಮನೆಗೇ ಕಲ್ಲು ತೂರಿದರು. ಒಕ್ಕಲಿಗರ ವಿಷಯ ಇನ್ನೂ ತಮಾಷೆ. ಟಿಪ್ಪುವನ್ನು ಕೊಂದವರು ಉರಿಗೌಡ, ನಂಜೇಗೌಡ ಎಂದು ಇತಿಹಾಸಕಾರರಿಗೇ ಗೊತ್ತಿಲ್ಲದ ಇಬ್ಬರನ್ನು ಹುಟ್ಟಿಸಿ, ಮಂತ್ರಿಯೊಬ್ಬರು ಸಿನಿಮಾ ತೆಗೆಯಲು ಹೊರಟು, ಆದಿಚುಂಚನಗಿರಿಯ ಸ್ವಾಮೀಜಿ ಕರೆದು ಹೇಳಿದ ಮೇಲೆ ಕೈಬಿಟ್ಟರು. ಅದು ಮಾರ್ಚ್ 20. ಕತೆ ಹೋಯಿತು, ನಾಲ್ಕೇ ದಿನದಲ್ಲಿ ಕೋಟಾ ಬಂತು. ಇರುವ ರೊಟ್ಟಿಯನ್ನೇ ಹರಿದು ಹಂಚಿ ಅಡುಗೆ ಮಾಡಿದೆ ಎನ್ನುವವರ ಬಳಿ ಹಿಟ್ಟು ಎಲ್ಲಿ ಎಂದು ಕೇಳಬೇಕು.

ಹಿಟ್ಟು ಎಲ್ಲಿ ಹೋಯಿತು ಎಂಬುದಕ್ಕೆ ಗುತ್ತಿಗೆದಾರರ ಸಂಘ 2021ರ ಜುಲೈಯಲ್ಲೇ ಪ್ರಧಾನಿಗೆ ಪತ್ರ ಬರೆದಿತ್ತು, ಶೇ. 40 ಕಮಿಷನ್ ಎಂದು. ಬಿಲ್ಲಿಗಾಗಿ ಅಲೆದ ಬೆಳಗಾವಿಯ ಗುತ್ತಿಗೆದಾರರೊಬ್ಬರು ಮಂತ್ರಿಯ ಹೆಸರು ಹೇಳಿ ಉಡುಪಿಯ ಲಾಡ್ಜಿನಲ್ಲಿ ಸತ್ತರು. ಅವರು ಹಿಂದೂ ಸಂಘಟನೆಯವರೇ. ಮಂತ್ರಿ ಈಶ್ವರಪ್ಪ ರಾಜೀನಾಮೆ ಕೊಟ್ಟರು, ಪೊಲೀಸರು ಬಿ ರಿಪೋರ್ಟ್ ಹಾಕಿದರು. 545 ಪಿಎಸ್‌ಐ ಹುದ್ದೆಗಳ ಪರೀಕ್ಷೆಯ ಹಗರಣದಲ್ಲಿ ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿಯೇ ಬಂಧನಕ್ಕೊಳಗಾದರು. 2023ರ ಮಾರ್ಚ್‌ನಲ್ಲಿ, ಮೈಸೂರು ಸ್ಯಾಂಡಲ್ ಸೋಪಿನ ನಿಗಮದ ಅಧ್ಯಕ್ಷರಾಗಿದ್ದ ಶಾಸಕರ ಮಗ 40 ಲಕ್ಷ ರೂ. ಜೊತೆ ಲೋಕಾಯುಕ್ತರಿಗೆ ಸಿಕ್ಕಿದರು, ಮನೆಯಲ್ಲಿ ಆರು ಕೋಟಿ. ಪಿಎಸ್‌ಐ ಪರೀಕ್ಷೆಗೆ ಹಗಲುರಾತ್ರಿ ಓದಿ ಮೋಸಹೋದ ಹುಡುಗರಲ್ಲಿ ಎಲ್ಲ ಜಾತಿಯವರೂ ಇದ್ದರು. ನಮ್ಮ ವೇದಿಕೆಗಳಲ್ಲಿ ಹಿಜಾಬ್ ಬಗ್ಗೆ ಹತ್ತು ಭಾಷಣ ಆದರೆ ಇದರ ಬಗ್ಗೆ ಒಂದು ಆಗುವುದಿಲ್ಲ. ಅದು ನಮ್ಮ ತಪ್ಪು. ಕಟೀಲರು ಹೇಳಿದ 'ದೊಡ್ಡ ವಿಷಯ'ವನ್ನೇ ನಾವೂ ಆರಿಸಿಕೊಂಡ ಹಾಗಾಯಿತು.

ಹಾಗಾದರೆ ಕಾಂಗ್ರೆಸ್ ಪುಣ್ಯಕೋಟಿಯೋ? ಖಂಡಿತ ಅಲ್ಲ. 2015ರಲ್ಲಿ ಸಿದ್ದರಾಮಯ್ಯ ಸರಕಾರ ಮನೆಮನೆಗೆ ಹೋಗಿ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆ ಮಾಡಿಸಿತು, ವರದಿ ಮಾತ್ರ 2023ರ ಚುನಾವಣೆಯವರೆಗೂ ಹೊರಬಂದಿರಲಿಲ್ಲ. ಯಾರು ಎಷ್ಟು ಹಿಂದುಳಿದಿದ್ದಾರೆ ಎಂಬ ಅಂಕಿ ಆವತ್ತೇ ಮೇಜಿನ ಮೇಲಿದ್ದರೆ, ಅಂಕಿಯೇ ಇಲ್ಲದೆ ನಾಲ್ಕನ್ನು ಕಿತ್ತುಕೊಳ್ಳುವುದು ಇಷ್ಟು ಸುಲಭ ಆಗುತ್ತಿರಲಿಲ್ಲ. ಅಧಿಕಾರಕ್ಕೆ ಬಂದರೆ 2ಬಿ ಮರಳಿ ಕೊಡುತ್ತೇವೆ ಎಂದು ಡಿ.ಕೆ. ಶಿವಕುಮಾರ್ ಆ ಚುನಾವಣೆಗೆ ಮೊದಲು ಹೇಳಿದ್ದರು. ಬರೆದಿಟ್ಟುಕೊಳ್ಳಿ.

ಬರೆದಿಟ್ಟುಕೊಳ್ಳಿ ಎನ್ನಲು ಕಾರಣ ಉಂಟು. ಮುಂಬೈ, ಪುಣೆಯಲ್ಲಿರುವ ನಾವು ಇಂಥದ್ದನ್ನು ಒಮ್ಮೆ ನೋಡಿದವರು. 2014ರ ಜುಲೈಯಲ್ಲಿ ಮಹಾರಾಷ್ಟ್ರದ ಕಾಂಗ್ರೆಸ್-ಎನ್‌ಸಿಪಿ ಸರಕಾರ ಸುಗ್ರೀವಾಜ್ಞೆ ಹೊರಡಿಸಿ ಮರಾಠರಿಗೆ ಶೇ. 16, ಮುಸ್ಲಿಮರಿಗೆ ಶೇ. 5 ಕೊಟ್ಟಿತು. ನವೆಂಬರಿನಲ್ಲಿ ಬಾಂಬೆ ಹೈಕೋರ್ಟ್ ಮರಾಠ ಮೀಸಲಾತಿಗೆ ತಡೆ ಹಾಕಿ, ಮುಸ್ಲಿಮರಿಗೆ ಶಿಕ್ಷಣದಲ್ಲಿ ಕೊಟ್ಟದ್ದನ್ನು ಮಾತ್ರ ಉಳಿಸಿತು. ಅಷ್ಟರಲ್ಲಿ ಸರಕಾರ ಬದಲಾಗಿತ್ತು. ಫಡ್ನವೀಸ್ ಸರಕಾರ ಕೋರ್ಟು ತಡೆದದ್ದನ್ನು ಕಾಯ್ದೆ ಮಾಡಿತು, ಕೋರ್ಟು ಉಳಿಸಿದ್ದನ್ನು ಸಾಯಲು ಬಿಟ್ಟಿತು. ಆಮೇಲೆ ಬಂದ ಅಘಾಡಿ ಸರಕಾರ ಕೊಡುತ್ತೇವೆ ಎಂದಿತು, ಕೊಡಲಿಲ್ಲ. ನಮ್ಮ ಓಣಿಯ ಮಕ್ಕಳು ಅಂದಿನಿಂದ ಆ ಐದನ್ನು ಕಾಯುತ್ತಿದ್ದಾರೆ. ಒಮ್ಮೆ ಹೋದದ್ದು ತಾನಾಗಿ ಮರಳುವುದಿಲ್ಲ.

ಈದ್‌ಗೆ ಊರಿಗೆ ಹೋಗುವವರು ಮತದಾರರ ಪಟ್ಟಿಯಲ್ಲಿ ಹೆಸರಿದೆಯೋ ಎಂದು ಆಗಲೇ ನೋಡಿಕೊಂಡು ಬನ್ನಿ. ಹಬ್ಬದ ಊಟಕ್ಕೆ ಬರುವ ನೆರೆಯ ಶೆಟ್ಟರ ಹತ್ತಿರ, ಪೂಜಾರಿಯವರ ಹತ್ತಿರ ಹಿಜಾಬ್ ಮಾತು ಎತ್ತಬೇಕಾಗಿಲ್ಲ. ಸಿಲಿಂಡರ್ ಎಷ್ಟು, ಮಗನ ಪಿಎಸ್‌ಐ ಪರೀಕ್ಷೆ ಏನಾಯಿತು ಎಂದು ಕೇಳಿ. ಸುರತ್ಕಲ್ ಟೋಲ್‌ಗೇಟನ್ನು 2022ರ ಡಿಸೆಂಬರಿನಲ್ಲಿ ನಿಲ್ಲಿಸಿದ್ದು ಎಲ್ಲರೂ ಸೇರಿ ಧರಣಿ ಕೂತದ್ದರಿಂದ, ಅದನ್ನೂ ನೆನಪಿಸಿ. ಮೇ ತಿಂಗಳ ಮತ್ಸ್ಯಗಂಧದಲ್ಲಿ ಯಾವಾಗಲೂ ವೇಟಿಂಗ್ ಲಿಸ್ಟ್, ಟಿಕೆಟ್ ಮೊದಲೇ ಮಾಡಿಸಿ. 2023ರ ಮೇ 10 ಬುಧವಾರವಾಗಿತ್ತು. ಫಲಿತಾಂಶ 13ಕ್ಕೆ ಇತ್ತು. ನನ್ನ ಸೊಸೆಯ ಸಿಇಟಿ 20ಕ್ಕೆ ಇತ್ತು. ಯಾವ ಕಾಲಂ ಎಂದು ಅವಳಿಗೆ ಆಗ ಇನ್ನೂ ಯಾರೂ ಹೇಳಿರಲಿಲ್ಲ.